ಹಳೇ ಸಿನಿಮಾದ ಅಸಲು ಪ್ರತಿ: ಅಟ್ಟದಿಂದ ಹಾರ್ಡ್‌ಡಿಸ್ಕ್‌ಗೆ ತರುವುದು ಹೇಗೆ?

ಟಿ.ವಿ.ಯಲ್ಲಿ ಹಳೇ ಕನ್ನಡ ಸಿನಿಮಾ ಬರುವಾಗ ಮನೆಯ ಹಿರಿಯರು 'ಇಲ್ಲೊಂದು ಹಾಡಿತ್ತಲ್ಲ, ಎಲ್ಲಿ ಹೋಯಿತು?' ಎಂದು ಕೇಳುವುದುಂಟು. ಅವರ ನೆನಪು ತಪ್ಪಿರಬೇಕೆಂದೇನೂ ಇಲ್ಲ. ಟಾಕೀಸಿನಲ್ಲಿ ಎರಡೂಮುಕ್ಕಾಲು ಗಂಟೆ ಓಡಿದ ಚಿತ್ರವನ್ನು ಎರಡು ವಿಡಿಯೊ ಸಿಡಿಗೆ (ವಿಸಿಡಿ) ಹಿಡಿಸಲು ಒಂದು ಹಾಡು, ಅರ್ಧ ಹಾಸ್ಯ ಕತ್ತರಿಸುತ್ತಿದ್ದರು. ಚಾನೆಲ್‌ನವರು ಜಾಹೀರಾತಿಗೆ ಜಾಗ ಮಾಡಲು ಇನ್ನಷ್ಟು ತೆಗೆದರು. ಅಗಲ ತೆರೆಯ ಸ್ಕೋಪ್ ಚಿತ್ರವಾದರೆ ಹಳೇ ಟಿ.ವಿ.ಯ ಚೌಕಕ್ಕೆ ಹೊಂದಿಸುವಾಗ ಎರಡೂ ಬದಿ ಸೇರಿ ಶೇ 40ಕ್ಕಿಂತ ಹೆಚ್ಚು ಚಿತ್ರವೇ ಹೊರಗುಳಿಯಿತು. ಇನ್ನು ಕೆಲವು ಕಪ್ಪುಬಿಳುಪು ಚಿತ್ರಗಳು ಬಣ್ಣ ಹಚ್ಚಿಕೊಂಡು ಬಂದವು. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ. ಬಣ್ಣದ ಪ್ರತಿ ಬಂದದ್ದಕ್ಕೆ ನನ್ನ ತಕರಾರಿಲ್ಲ. ಬೂದು ಛಾಯೆಗಳನ್ನು ಲೆಕ್ಕ ಹಾಕಿ ಬೆಳಕು ಬಿಟ್ಟ ಛಾಯಾಗ್ರಾಹಕನ ಪ್ರತಿಯೂ ಅದರ ಜೊತೆಗೆ ಸಿಗುವಂತಿರಬೇಕು, ಅಷ್ಟೆ.

ಈ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. 1977ರ 'ಸ್ಟಾರ್ ವಾರ್ಸ್' ಅನ್ನು ಅದರ ನಿರ್ದೇಶಕರೇ 1997ರಲ್ಲಿ ಹೊಸ ದೃಶ್ಯ ಸೇರಿಸಿ ಬದಲಿಸಿದರು. ಮೊದಲ ರೂಪ ಒಳ್ಳೆಯ ಗುಣಮಟ್ಟದಲ್ಲಿ ಅಂಗಡಿಯಲ್ಲಿ ಸಿಗದಾದಾಗ ಅಭಿಮಾನಿಗಳೇ ಟಾಕೀಸಿನಲ್ಲಿ ಓಡಿದ್ದ 35 ಎಂಎಂ ಪ್ರಿಂಟ್ ಹುಡುಕಿ, 4ಕೆಯಲ್ಲಿ ಸ್ಕ್ಯಾನ್ ಮಾಡಿ, ಫ್ರೇಮ್ ಫ್ರೇಮ್ ತೊಳೆದರು. ನಮ್ಮ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನಾ'ದ ವಿಷಯದಲ್ಲಿ ಆ ಅವಕಾಶವೂ ಇಲ್ಲ. ಅದರ ಒಂದು ಪ್ರಿಂಟೂ ಉಳಿದಿಲ್ಲ.

ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಕುಳಿತ ಒಬ್ಬ ಅಭಿಮಾನಿ ಇಲ್ಲಿ ಏನು ಮಾಡಬಹುದು? ಸಾಕಷ್ಟು ಮಾಡಬಹುದು. ಆದರೆ ಚಂದ ಮಾಡುವ ಕೆಲಸ ಕೊನೆಗೆ. ಇದ್ದದ್ದನ್ನು ಇದ್ದ ಹಾಗೆ ಹಿಡಿದಿಡುವುದು ಮೊದಲು. ಈ ಕ್ರಮ ತಲೆಕೆಳಗಾದರೆ ಉಳಿದದ್ದೂ ಹಾಳಾಗುತ್ತದೆ.

ಮೊದಲು ಉದ್ದ ತಿಳಿಯಿರಿ

ಕೈಯಲ್ಲಿರುವ ಪ್ರತಿ ಪೂರ್ತಿಯೋ ಅಲ್ಲವೋ ಎಂದು ಹೇಳುವುದು ಚಿತ್ರದ ಆರಂಭದಲ್ಲಿ ನಾವು ನೋಡಿಯೂ ನೋಡದಂತೆ ಬಿಡುವ ಸೆನ್ಸಾರ್ ಪ್ರಮಾಣಪತ್ರ. ಅದರಲ್ಲಿ ಚಿತ್ರದ ಉದ್ದ, ರೀಲುಗಳ ಸಂಖ್ಯೆ ಬರೆದಿರುತ್ತದೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಉದ್ದ 4,000 ಮೀಟರ್ ಎಂದಿದ್ದರೆ ಟಾಕೀಸಿನಲ್ಲಿ ಅದು 146 ನಿಮಿಷದ ಚಿತ್ರ.

ಇಲ್ಲೊಂದು ಬಲೆ ಇದೆ. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಮ್ಮ ಟಿ.ವಿ.ಯ ಪಾಲ್ ವ್ಯವಸ್ಥೆ 25 ಫ್ರೇಮ್. ವಿಡಿಯೊ ಕ್ಯಾಸೆಟ್‌ಗೆ ಇಳಿಸುವಾಗ ಚಿತ್ರವನ್ನು ಸುಮಾರು ಶೇ 4ರಷ್ಟು ವೇಗವಾಗಿ ಓಡಿಸಿಬಿಡುತ್ತಿದ್ದರು. ಹಾಗಾಗಿ ಆ 146 ನಿಮಿಷದ ಚಿತ್ರ ಕ್ಯಾಸೆಟ್‌ನಲ್ಲಿ 140 ನಿಮಿಷ ಬಂದರೆ ಏನೂ ಕಳೆದಿಲ್ಲ. 125 ಬಂದರೆ ಕಾಲು ಗಂಟೆಯ ಚಿತ್ರ ಎಲ್ಲೋ ಹೋಗಿದೆ.

ಏನು ಹೋಗಿದೆ ಎಂದು ತಿಳಿಯಲು ಹಾಡಿನ ಪುಸ್ತಕ ಬೇಕು. ಟಾಕೀಸಿನ ಬಾಗಿಲಲ್ಲಿ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಆ ತೆಳು ಪುಸ್ತಕದಲ್ಲಿ ಕಥಾಸಾರ, ಎಲ್ಲ ಹಾಡು, ತಾಂತ್ರಿಕ ವರ್ಗದ ಹೆಸರು ಇರುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ, ಹಳೇ ಪಂಚಾಂಗಗಳ ನಡುವೆ ಒಮ್ಮೆ ನೋಡಿ. ಆದರೆ ಪುಸ್ತಕದಲ್ಲಿರುವ ಹಾಡೆಲ್ಲ ತೆರೆಯ ಮೇಲೆ ಬಂದೇ ಇತ್ತು ಎನ್ನಲಾಗದು. ಬಿಡುಗಡೆಗೆ ಮೊದಲೇ ಕೈಬಿಟ್ಟವೂ ಇರುತ್ತವೆ. ಅದನ್ನು ಸುಳಿವು ಎಂದುಕೊಳ್ಳಿ, ಸಾಕ್ಷಿ ಎಂದಲ್ಲ.

ಹುಡುಕಾಟ

ಮದುವೆ ವಿಡಿಯೊ ಮಾಡುತ್ತಿದ್ದ ಹಳೇ ಸ್ಟುಡಿಯೊಗಳು, ಮುಚ್ಚಿಹೋದ ವಿಡಿಯೊ ಲೈಬ್ರರಿಯ ಮಾಲೀಕರು, ತೋಟದ ಬಂಗಲೆಗಳು, ಕೊಡವ ಕುಟುಂಬಗಳ ಐನ್‌ಮನೆಯ (ಮೂಲಮನೆಯ) ಅಟ್ಟಗಳು: ವಿಎಚ್‌ಎಸ್ ಕ್ಯಾಸೆಟ್ ಸಿಗುವುದು ಇಂಥಲ್ಲಿ. 1980ರ ದಶಕದ ಕ್ಯಾಸೆಟ್‌ಗಳು ವಿಸಿಡಿಗಿಂತ ಮುಂಚಿನವು, ಆದ್ದರಿಂದ ವಿಸಿಡಿಯ ಕತ್ತರಿ ತಾಗದ ದೃಶ್ಯ ಅವುಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಕೊಡವ ಭಾಷೆಯ ಚಿತ್ರವೇನಾದರೂ ಕಂಡರೆ ಎರಡನೇ ಯೋಚನೆ ಬೇಡ. 1972ರ 'ನಾಡ ಮಣ್ಣ್ ನಾಡ ಕೂಳ್'ನಿಂದ ಶುರುವಾದ ಆ ಚಿತ್ರಗಳ ಸಂಖ್ಯೆಯೇ ಕಡಿಮೆ, ಪ್ರೇಕ್ಷಕರೂ ಒಂದು ಜಿಲ್ಲೆಯಷ್ಟು. ನಾವು ಇಟ್ಟುಕೊಳ್ಳದಿದ್ದರೆ ಬೇರೆ ಊರಿನವರು ಇಟ್ಟಿರಲಿ ಎಂದು ಬಯಸುವುದು ಹೇಗೆ?

ಕ್ಯಾಸೆಟ್ ಕೈಗೆ ಬಂದ ಕೂಡಲೇ ಅದರ ಬೆನ್ನಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ಒತ್ತಿದರೂ ಅದರ ಮೇಲೆ ರೆಕಾರ್ಡ್ ಆಗದು.

ಕೊಡಗಿನ ನಿಜವಾದ ಶತ್ರು

ನಮ್ಮ ಕಕ್ಕಡ ತಿಂಗಳ (ಆಟಿಯ) ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಟೇಪನ್ನು ಬಿಟ್ಟೀತೇ? ಕ್ಯಾಸೆಟ್‌ನ ಕಿಟಕಿಯಿಂದ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಅಥವಾ ಜೇಡರ ಎಳೆಯಂಥದ್ದು ಕಂಡರೆ ಅದನ್ನು ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಅಂದರೆ ವಿಸಿಆರ್‌ಗೆ ಹಾಕಲೇಬೇಡಿ. ಆ ಬೂಷ್ಟು ಟೇಪನ್ನು ಓದುವ ಹೆಡ್‌ಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ದಾಟುತ್ತದೆ.

ಬೂಷ್ಟು ಹಿಡಿದವನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೆಲವು ವಾರ ಇಡಿ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬದಲಿಸಿ. ಒಣಗಿದ ಬೂಷ್ಟು ಪುಡಿಯಾಗುತ್ತದೆ. ಆಗ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ವಿಎಚ್‌ಎಸ್ ಚಿಪ್ಪಿಗೆ ಐದು ಸ್ಕ್ರೂ. ಬಿಚ್ಚಿ, ಎರಡೂ ಸುರುಳಿಗಳನ್ನು ಎತ್ತಿ ಒಳ್ಳೆಯ ಚಿಪ್ಪಿಗೆ ಹಾಕಿದರೆ ಅರ್ಧ ಸಮಸ್ಯೆ ಕಳೆಯಿತು. ಬಿಚ್ಚುವ ಮುನ್ನ ಟೇಪ್ ಹಾದುಹೋಗುವ ದಾರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕಾಫಿ ಒಣಗಿಸುವಂತೆ ಕಣದ ಬಿಸಿಲಿಗೆ ಮಾತ್ರ ಹಾಕಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಬಿಸಿಗೆ ಟೇಪ್ ಸೊಟ್ಟಗಾದರೆ ಮತ್ತೆ ನೇರವಾಗದು.

ಈ ಕೆಲಸಕ್ಕೆ ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚಿನ ಒಣ ತಿಂಗಳುಗಳೇ ಸರಿ. ಕಾಫಿ ಕೊಯ್ಲಿನ ಹೊತ್ತೂ ಅದೇ ಎಂಬುದು ಗೊತ್ತು. ರಾತ್ರಿ ಮಾಡಿ.

ಓಡಿಸುವುದು, ಹಿಡಿಯುವುದು

ಹೊಸ ವಿಸಿಆರ್ ಈಗ ಸಿಗದು. ಜಗತ್ತಿನ ಕೊನೆಯ ತಯಾರಕರೂ 2016ರಲ್ಲಿ ನಿಲ್ಲಿಸಿದರು. ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದಲ್ಲಿ ಟಿ.ವಿ. ರಿಪೇರಿ ಮಾಡುತ್ತಿದ್ದ ಹಳಬರನ್ನು ಕೇಳಿ. ಮೂಲೆಯಲ್ಲಿ ಒಂದೆರಡು ಬಿದ್ದಿರುತ್ತವೆ, ಬೆಲ್ಟ್ ಬದಲಿಸಲೂ ಅವರಿಗೇ ಬರುತ್ತದೆ. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ. ಬಟ್ಟೆಯನ್ನು ಹೆಡ್‌ಗೆ ಒತ್ತಿ ಹಿಡಿದು ಹೆಡ್ ಕೂತಿರುವ ಡ್ರಮ್ಮನ್ನು ಕೈಯಿಂದ ತಿರುಗಿಸಬೇಕು, ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಮೊದಲು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ನಂತರ ಬೇಕಾದ್ದನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ. ಬಿಗಿತ ಸಮವಾದರೆ ಚಿತ್ರ ಕಡಿಮೆ ನಡುಗುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಜನ ಎಡವುವುದು ಗಾತ್ರದ ಆಸೆಗೆ. ನೇರವಾಗಿ ಎಂಪಿ4 ಮಾಡಿದರೆ ಕಡತ ಚಿಕ್ಕದಾಗುತ್ತದೆ ನಿಜ, ಆದರೆ ಅದು ಎಸೆದ ವಿವರ ಮತ್ತೆ ಬರದು. ವರ್ಚುವಲ್‌ಡಬ್, ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಗಳಿವೆ. ಚಿತ್ರವನ್ನು ನಷ್ಟವಿಲ್ಲದ ರೂಪದಲ್ಲಿ ಹಿಡಿದು, ಎಫ್‌ಎಫ್‌ವಿ1 ಕೊಡೆಕ್‌ನಲ್ಲಿ (ವಿಡಿಯೊ ಅಡಕಿಸುವ ವಿಧಾನ) 720x576 ಅಳತೆಯಲ್ಲೇ ಇಟ್ಟುಕೊಳ್ಳಿ. ಗಂಟೆಗೆ ಸುಮಾರು 30ರಿಂದ 40 ಜಿಬಿ ಬೇಕಾಗುತ್ತದೆ. ವಿಸಿಆರ್ ಮತ್ತು ಕಂಪ್ಯೂಟರಿನ ನಡುವೆ ಟೈಮ್‌ಬೇಸ್ ಕರೆಕ್ಟರ್ ಎಂಬ ಉಪಕರಣ ಇದ್ದರೆ ಗೆರೆಗಳು ಅಲುಗಾಡುವುದಿಲ್ಲ. ದುಬಾರಿಯೆನಿಸಿದರೆ ಕೆಲವು ಹಳೇ ಡಿವಿಡಿ ರೆಕಾರ್ಡರ್‌ಗಳ ಮೂಲಕ ಸಿಗ್ನಲ್ ಹಾಯಿಸಿದರೂ ತಕ್ಕಮಟ್ಟಿಗೆ ಅದೇ ಕೆಲಸ ಆಗುತ್ತದೆ. ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಯುಎಸ್‌ಬಿ ಕಡ್ಡಿಗಳು ಫ್ರೇಮ್ ನುಂಗುತ್ತವೆ; ಎರಡು ಗಂಟೆ ಕಳೆಯುವಷ್ಟರಲ್ಲಿ ತುಟಿಯೊಂದು ಕಡೆ, ಮಾತೊಂದು ಕಡೆ. ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಿಲ್ಲ, ಯುಪಿಎಸ್ ಇಲ್ಲದೆ ಕೂರಬೇಡಿ.

ಚಿತ್ರ ಮುಗಿಯಿತೆಂದು ನಿಲ್ಲಿಸಬೇಡಿ. ಇ-180 ಕ್ಯಾಸೆಟ್ ಮೂರು ಗಂಟೆಯದು. ಕೊನೆಯಲ್ಲಿ ಯಾರದೋ ಮದುವೆಯ ವಾಲಗ ಕುಣಿತವೋ, 1990ರ ದಶಕದ ಕೊಡವ ಕೌಟುಂಬಿಕ ಹಾಕಿಯ ಒಂದು ಪಂದ್ಯವೋ ಇದ್ದರೆ ಅದಕ್ಕಾಗಿ ಕಾಯುವವರು ಸಿನಿಮಾದವರಿಗಿಂತ ಹೆಚ್ಚು.

ವಿಸಿಡಿಯಾದರೆ ಡಿಸ್ಕ್ ಪೂರ್ತಿ ಇಮೇಜ್ (ಇದ್ದ ಹಾಗೇ ಒಂದೇ ಕಡತದ ನಕಲು) ತೆಗೆಯಿರಿ, ಮರುಪರಿವರ್ತನೆ ಬೇಡ. 352x288ರ ಚಿತ್ರವನ್ನು ಇನ್ನೊಮ್ಮೆ ಕುಗ್ಗಿಸಿದರೆ ಉಳಿಯುವುದು ಬರೀ ಚೌಕಗಳು.

ರೀಲು ಸಿಕ್ಕರೆ

ಇದು ಅಪರೂಪ, ಆದರೆ ಸಿಗುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಆ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ, ಕೂಡಲೇ ಬೇರ್ಪಡಿಸಿ. ತುಕ್ಕು ಹಿಡಿದ ತಗಡಿನ ಡಬ್ಬಿಯಿಂದ ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ. ಫಿಲ್ಮ್ ಕುಗ್ಗಿದೆಯೇ ಎಂದು ಸ್ಕೇಲಿನಿಂದಲೇ ತಿಳಿಯಬಹುದು: 16 ಎಂಎಂನ 100 ಫ್ರೇಮ್ 762 ಮಿಲಿಮೀಟರ್, 35 ಎಂಎಂನದು 1,900 ಮಿಲಿಮೀಟರ್ ಇರಬೇಕು. ಶೇ 1ರಷ್ಟು ಕಡಿಮೆಯಾಗಿದ್ದರೆ ಪ್ರೊಜೆಕ್ಟರಿನ ಹಲ್ಲು ಅದನ್ನು ಹರಿಯುತ್ತದೆ. ಕುಗ್ಗದಿದ್ದರೂ ನೋಡುವ ಆಸೆಗೆ ಓಡಿಸಬೇಡಿ, ಚೆನ್ನೈ ಅಥವಾ ಮುಂಬೈಯ ಸ್ಕ್ಯಾನರ್ ಇರುವ ಲ್ಯಾಬ್‌ಗೆ ಕಳಿಸಿ. ಅಂಚಿನಲ್ಲಿ 'ಸೇಫ್ಟಿ' ಎಂಬ ಅಕ್ಷರವಿಲ್ಲದ, 1950ರ ದಶಕಕ್ಕಿಂತ ಹಳೆಯ 35 ಎಂಎಂ ಆಗಿದ್ದರೆ ಅದು ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮ್ ಆಗಿರಬಹುದು. ನೀರೊಳಗೂ ಉರಿಯುವ ವಸ್ತು ಅದು. ಮನೆಯೊಳಗೆ ಇಡಬೇಡಿ, ನೀವಾಗಿ ಸಾಗಿಸಲೂ ಹೋಗಬೇಡಿ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ತಿಳಿಸಿ.

ಜೋಡಣೆ

ಒಳ್ಳೆಯ ಚಿತ್ರದ ಒಂದು ಪ್ರತಿಯನ್ನು ತಳಹದಿ ಮಾಡಿಕೊಂಡು, ಅದರಲ್ಲಿ ಇಲ್ಲದ ದೃಶ್ಯಗಳನ್ನು ಮಾತ್ರ ಕ್ಯಾಸೆಟ್ಟಿನಿಂದ ತಂದು ಸೇರಿಸುವುದೇ ಅಭಿಮಾನಿಗಳ ಮುಖ್ಯ ವಿಧಾನ. ಗುಣಮಟ್ಟ ಅಲ್ಲಿ ಕುಸಿಯುವುದು ಕಾಣಲಿ. ಅದನ್ನು ಮರೆಮಾಚುವ ಗೋಜಿಗೆ ಹೋಗಬೇಡಿ, ಯಾವುದು ಎಲ್ಲಿಂದ ಬಂದದ್ದು ಎಂದು ನೋಡುವವರಿಗೆ ತಿಳಿಯಲಿ.

ವೇಗವನ್ನು 25ರಿಂದ 24ಕ್ಕೆ ಇಳಿಸಿ. ಧ್ವನಿಯನ್ನೂ ಅದರೊಂದಿಗೇ ಇಳಿಸಿದರೆ ಶ್ರುತಿ ತಾನೇ ಸರಿಯಾಗುತ್ತದೆ. ಕ್ಯಾಸೆಟ್ಟಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಹಾರ್ಮೋನಿಯಂನ ಒಂದು ಮನೆಗೆ ತುಸು ಕಡಿಮೆಯಷ್ಟು ಮೇಲೇರಿರುತ್ತದೆ. ಇಳಿಸಿ ಕೇಳಿ, ದನಿಗೆ ತೂಕ ಬರುವುದು ಗೊತ್ತಾಗುತ್ತದೆ. ಹಾಡು ಚೆನ್ನಾಗಿ ಕೇಳಲಿ ಎಂದು ಗ್ರಾಮಫೋನ್ ತಟ್ಟೆಯ ಧ್ವನಿ ತಂದು ಅಂಟಿಸುವವರಿದ್ದಾರೆ. ತಟ್ಟೆಗೆಂದು ಹಾಡನ್ನು ಮೂರು ಚಿಲ್ಲರೆ ನಿಮಿಷಕ್ಕೆ ಕುಗ್ಗಿಸುತ್ತಿದ್ದರು, ಚರಣವೂ ವಾದ್ಯದ ತುಣುಕೂ ಬೇರೆಯಾಗಿರುತ್ತಿತ್ತು. ಹಾಗೆ ಅಂಟಿಸಿದರೆ ಯಾವ ಟಾಕೀಸಿನಲ್ಲೂ ಓಡದ ಹೊಸ ಸಿನಿಮಾ ತಯಾರಾಗುತ್ತದೆ.

ಎಐ ತಂತ್ರಾಂಶಗಳ ವಿಷಯದಲ್ಲೂ ನನಗೆ ಇದೇ ಅಂಜಿಕೆ. ಫಿಲ್ಮಿನ ಕಣಗಳನ್ನೆಲ್ಲ ಒರೆಸಿ ಮುಖವನ್ನು ಮೇಣದ ಗೊಂಬೆ ಮಾಡುತ್ತವೆ, ಕಾಣದ ಕಣ್ರೆಪ್ಪೆಯನ್ನು ತಾವೇ ಊಹಿಸಿ ಬರೆಯುತ್ತವೆ. ಗೀರು, ಧೂಳು ತೆಗೆಯಿರಿ, ಗುಲಾಬಿಗೆ ತಿರುಗಿದ ಈಸ್ಟ್‌ಮನ್‌ಕಲರ್ ಸರಿಪಡಿಸಿ, ಅಲ್ಲಿಗೆ ಕೈ ತೊಳೆಯಿರಿ. ಹಳೇ ಚೌಕದ ಚಿತ್ರವನ್ನು ಅಗಲದ ಟಿ.ವಿ.ಗೆಂದು ಎಳೆಯುವುದಾಗಲಿ, ತಲೆ ಪಾದ ಕತ್ತರಿಸುವುದಾಗಲಿ ಬೇಡ. ಎರಡು ಬದಿ ಕಪ್ಪು ಪಟ್ಟಿ ಇರಲಿ. ಮಾಡಿದ ಪ್ರತಿ ಬದಲಾವಣೆಯನ್ನೂ ನಿಮಿಷ ಸೆಕೆಂಡ್ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ.

ಕಾನೂನು ಮತ್ತು ಕಾಪು

ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1964ರಲ್ಲಿ ತೆರೆಕಂಡ ಚಿತ್ರದ್ದು 2024ರ ಕೊನೆಗೆ ಮುಗಿದಿದೆ. ಆದರೆ ಹಾಡಿನ ಸಾಹಿತ್ಯ, ಸಂಗೀತಕ್ಕೆ ಬೇರೆ ಲೆಕ್ಕವಿದೆ. ಅವಧಿ ಮುಗಿಯದ ಚಿತ್ರವನ್ನು ಅಂತರ್ಜಾಲಕ್ಕೆ ಹಾಕುವುದು, ಡಿಸ್ಕ್ ಮಾಡಿ ಮಾರುವುದು ಎರಡೂ ತಪ್ಪು. ನಿರ್ಮಾಪಕರ ಕುಟುಂಬಕ್ಕೆ ಪತ್ರ ಬರೆಯಿರಿ. ತಮ್ಮದೇ ಚಿತ್ರದ ಪೂರ್ತಿ ಪ್ರತಿ ಅವರ ಬಳಿಯೂ ಇಲ್ಲದಿರಬಹುದು.

ಕಡತದ ಮೂರು ಪ್ರತಿ ಮಾಡಿ, ಒಂದನ್ನು ಜಿಲ್ಲೆಯ ಹೊರಗೆ ಮೈಸೂರಿನ ನೆಂಟರ ಮನೆಯಲ್ಲಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕಾಗದಪತ್ರ, ಆಲ್ಬಮ್ ಸಮೇತ ಮನೆ ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತ (ಕಡತದ ಬೆರಳಚ್ಚಿನಂಥ ಸಂಕೇತ) ತೆಗೆದು ಬರೆದಿಟ್ಟರೆ, ವರ್ಷಕ್ಕೊಮ್ಮೆ ತಾಳೆ ನೋಡಿ ಡಿಸ್ಕ್ ಕೆಟ್ಟಿದೆಯೇ ಎಂದು ತಿಳಿಯಬಹುದು. ಡಿಜಿಟಲ್ ಆಯಿತೆಂದು ಕ್ಯಾಸೆಟ್ ಎಸೆಯಬೇಡಿ. ಟೇಪಿನ ಸಿಗ್ನಲ್ಲನ್ನೇ ಹೆಡ್‌ನಿಂದ ನೇರ ಹಿಡಿಯುವ ವಿಎಚ್‌ಎಸ್-ಡಿಕೋಡ್‌ನಂಥ ವಿಧಾನಗಳು ಈಗಾಗಲೇ ಬಂದಿವೆ, ನಾಳೆ ಇನ್ನೂ ಒಳ್ಳೆಯದು ಬಂದೀತು.

ನಿಮ್ಮಲ್ಲಿರುವುದು ಬೇರೆಲ್ಲೂ ಇಲ್ಲದ ಪ್ರತಿ ಎನಿಸಿದರೆ, 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಅಥವಾ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್‌ಗೆ ಬರೆಯಿರಿ. 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಎತ್ತಿ ನಿಲ್ಲಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದವರೆಗೆ ಒಯ್ದದ್ದರಲ್ಲಿ ಈ ಫೌಂಡೇಷನ್ ಇತ್ತು. ಪತ್ರದಲ್ಲಿ ಚಿತ್ರದ ಹೆಸರು, ಯಾವ ಮಾದರಿ, ಎಷ್ಟು ನಿಮಿಷ, ಸೆನ್ಸಾರ್ ಪತ್ರದ ಸಂಖ್ಯೆ, ಬೇರೆ ಪ್ರತಿಗಳಲ್ಲಿ ಇಲ್ಲದ ದೃಶ್ಯಗಳು ಯಾವುವು ಎಂಬುದಿಷ್ಟು ಸಾಕು. ಮೂಲ ಕ್ಯಾಸೆಟ್ಟನ್ನೋ ರೀಲನ್ನೋ ಅವರು ಕೇಳುವವರೆಗೆ ಅಂಚೆಗೆ ಹಾಕಬೇಡಿ.