ಎಂಜಿನ್ ಬಿಟ್ಟು ಗಿರಾಕಿಯ ಗೇಟು ಕಾಯ್ದೆ: ಕ್ವೀನ್ಸ್‌ನಲ್ಲಿ ಶಂಟಿಂಗ್ ನೋಡಿದ ನನ್ನ ಅನುಭವ

ನ್ಯೂಯಾರ್ಕ್ ನಗರದೊಳಗೆ, ಹಾಡಹಗಲಿನಲ್ಲಿ, ಕಚೇರಿಯ ಊಟದ ಬಿಡುವನ್ನು ಸ್ವಲ್ಪ ಎಳೆದುಕೊಂಡರೆ ಸಾಕು, ಗೂಡ್ಸ್ ಶಂಟಿಂಗನ್ನು, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಜೋಡಿಸುವ ಕೆಲಸವನ್ನು, ಮೊದಲಿನಿಂದ ಕೊನೆಯವರೆಗೆ ನೋಡಿ ಬರಬಹುದು ಎಂದು ನಾನು ಹೇಳಿದಾಗ ನಮ್ಮ ರೈಲು ಹುಚ್ಚಿನ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ನಾನು ಹೇಳುತ್ತಿದ್ದದ್ದು ನ್ಯೂಯಾರ್ಕ್ ಅಂಡ್ ಅಟ್ಲಾಂಟಿಕ್ ರೈಲ್ವೆಯ ಬಗ್ಗೆ. 1997ರ ಮೇ ತಿಂಗಳಲ್ಲಿ ಲಾಂಗ್ ಐಲೆಂಡ್ ರೈಲ್ ರೋಡಿನ ಸರಕು ಸಾಗಣೆಯನ್ನು ವಹಿಸಿಕೊಂಡ, ಕ್ವೀನ್ಸ್‌ನ ಫ್ರೆಶ್ ಪಾಂಡ್ ಯಾರ್ಡನ್ನು ನೆಲೆ ಮಾಡಿಕೊಂಡಿರುವ ಆ ಸಣ್ಣ ಕಂಪನಿಯ ಗಾಡಿಗಳಿಗೆ ನಮ್ಮಂಥವರ ಕೈಗೆ ಸಿಗುವ ವೇಳಾಪಟ್ಟಿಯೇ ಇಲ್ಲ. 'ಹೆಲ್ ಗೇಟ್ ರೈಲು ಸೇತುವೆಯ ಹತ್ತಿರ ನಿಂತುಕೊಂಡರೆ ಏನಾದರೂ ಒಂದು ಗಾಡಿ ಬಂದೇ ಬರುತ್ತದೆ, ಗೋದಾಮುಗಳ ಹಿತ್ತಲಿನಲ್ಲಿ ಯಾಕೆ ಕೊಳೆಯುತ್ತೀರಿ?' ಎಂಬುದು ನನಗೆ ಸಿಕ್ಕಿದ ಸಲಹೆ. ಈಗ ಮೂರು ವರ್ಷಗಳ ಟಿಪ್ಪಣಿ ಪುಸ್ತಕ ನನ್ನ ಕೈಯಲ್ಲಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಓಡುವ ಗಾಡಿಗಿಂತ ಶಂಟಿಂಗ್ ಮೇಲೆ ನನಗೇಕೆ ಇಷ್ಟು ಆಸೆ ಎಂಬುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಅರಸೀಕೆರೆಯಲ್ಲಿ ಮೀಟರ್ ಗೇಜ್ ಕಾಲದಲ್ಲಿ ಬೆಳೆದವನು. ಒಂದೊಂದೇ ವ್ಯಾಗನ್ ಬಿಡಿಸಿ, ಬೇರೆ ಲೈನಿಗೆ ತಳ್ಳಿ, ಮತ್ತೆ ಜೋಡಿಸುವುದನ್ನು ನೋಡುತ್ತ ಶಾಲೆಗೆ ತಡವಾಗಿ ಹೋದವನು. ಆಮೇಲೆ ನಮ್ಮ ರೈಲ್ವೆ ಬಿಡಿ ವ್ಯಾಗನ್‌ಗಳ ವ್ಯವಹಾರವನ್ನು ಬಹುತೇಕ ಕೈಬಿಟ್ಟು ಇಡೀ ರೇಕನ್ನೇ, ಅಂದರೆ ವ್ಯಾಗನ್‌ಗಳ ಪೂರ್ತಿ ಸಾಲನ್ನೇ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪದ್ಧತಿಗೆ ಬಂದಿತು, ವ್ಯಾಗನ್‌ಗಳನ್ನು ವಿಂಗಡಿಸುವ ಮಾರ್ಷಲಿಂಗ್ ಯಾರ್ಡುಗಳು ಮುಚ್ಚಿದವು, ಆ ಆಟ ಕಣ್ಮರೆಯಾಯಿತು. ಅದು ಇನ್ನೂ ಉಳಿದಿರುವುದು ಇಲ್ಲಿನ ಇಂಥ ಸಣ್ಣ ರೈಲುಗಳಲ್ಲಿ. ಒಬ್ಬ ಗಿರಾಕಿಗೆ ಎರಡು ವ್ಯಾಗನ್, ಪಕ್ಕದವನಿಗೆ ಒಂದು, ಮೂಲೆಯವನಿಂದ ಖಾಲಿ ಮೂರು.

ಮೊದಲ ಚಳಿಗಾಲ ಪೂರ್ತಿ ದಂಡವಾಯಿತು. ನೆನಪಿನಿಂದ ಹೇಳುವುದಾದರೆ ಹತ್ತೊಂಬತ್ತೋ ಇಪ್ಪತ್ತೋ ಸಲ ಹೋಗಿದ್ದೆ, ಶಂಟಿಂಗ್ ಸಿಕ್ಕಿದ್ದು ಮೂರು ಸಲ, ಅದರಲ್ಲಿ ಒಂದು ಸಲ ಗಾಡಿಯ ಕೊನೆಯ ವ್ಯಾಗನ್ ಗೇಟಿನಿಂದ ಹೊರಗೆ ಹೋಗುವುದಷ್ಟೇ ಕಂಡಿತು. ಮ್ಯಾಸ್ಪೆತ್ ಕಡೆಯ ಲೆವೆಲ್ ಕ್ರಾಸಿಂಗ್ ಬಳಿ ಜನವರಿಯ ಗಾಳಿಯಲ್ಲಿ ಎರಡೂವರೆ ಗಂಟೆ ನಿಂತು, ಕ್ಯಾಮೆರಾ ಬ್ಯಾಟರಿ ಸತ್ತು, ಬೆರಳು ಮರಗಟ್ಟಿ ವಾಪಸಾದ ದಿನ, ನಾನು ಬಸ್ ಹತ್ತಿದ ಹತ್ತು ನಿಮಿಷಕ್ಕೆ ಗಾಡಿ ಬಂದು ಹೋಗಿತ್ತೆಂದು ಎದುರಿನ ಟೈರ್ ಅಂಗಡಿಯವನು ಮರುವಾರ ನಗುತ್ತ ಹೇಳಿದ. ಕಾರಿನಲ್ಲಿ ಹೋದಾಗಲಂತೂ ಇನ್ನೂ ದುಬಾರಿಯಾಯಿತು. ಬೆಂಕಿ ನಂದಿಸುವ ನೀರಿನ ನಲ್ಲಿಯ ಮುಂದೆ ಗಮನಿಸದೆ ನಿಲ್ಲಿಸಿದ್ದಕ್ಕೆ 115 ಡಾಲರ್, ಬೀದಿ ಗುಡಿಸುವ ದಿನ ತಿಳಿಯದೆ ನಿಲ್ಲಿಸಿದ್ದಕ್ಕೆ 65 ಡಾಲರ್. ಅಲ್ಲಿಂದೀಚೆಗೆ ಎಂ ಮೆಟ್ರೊ ಹಿಡಿದು ಫ್ರೆಶ್ ಪಾಂಡ್ ರೋಡ್ ನಿಲ್ದಾಣದಲ್ಲಿ ಇಳಿಯುವುದನ್ನೇ ರೂಢಿ ಮಾಡಿಕೊಂಡೆ, ಟಿಕೆಟ್ 2.90 ಡಾಲರ್ ಇದ್ದ ಕಾಲವದು.

ಎಲ್ಲರೂ ಮಾಡುವಂತೆ ನಾನೂ ರೇಡಿಯೊ ಸ್ಕ್ಯಾನರ್ ಮೇಲೆ ಹಣ ಸುರಿದೆ. ಮೊದಲು ಕೊಂಡ ಹಳೆಯದು ಸುಮಾರು 60 ಡಾಲರಿನದು, ಎರಡನೇ ವಾರಕ್ಕೆ ಮೂಕವಾಯಿತು. ಕೊಟ್ಟವನು ಫೋನ್ ಎತ್ತಲಿಲ್ಲ. ಹೊಸದಕ್ಕೆ 110 ಮತ್ತು ಉದ್ದನೆಯ ಆಂಟೆನಾಕ್ಕೆ ಇನ್ನೊಂದು 30 ಹೋಯಿತು. ಪೊಲೀಸ್ ತರಂಗಗಳನ್ನೂ ಹಿಡಿಯಬಲ್ಲ ರೇಡಿಯೊವನ್ನು ಅನುಮತಿಯಿಲ್ಲದೆ ಕಾರಿನಲ್ಲಿ ಅಳವಡಿಸಿಕೊಳ್ಳುವುದು ನ್ಯೂಯಾರ್ಕ್ ರಾಜ್ಯದಲ್ಲಿ ಅಪರಾಧವಾದ್ದರಿಂದ, ಹವ್ಯಾಸಿ ರೇಡಿಯೊ ಪರವಾನಗಿಯೂ ಇರಲಿ ಎಂದು ಆ ಪರೀಕ್ಷೆಗೂ ಕುಳಿತೆ. ಮೂವತ್ತೈದು ಪ್ರಶ್ನೆಗಳಲ್ಲಿ ಇಪ್ಪತ್ತಾರು ಸರಿಯಾದರೆ ಸಾಕು, ನನ್ನದು ಮೂವತ್ತನಾಲ್ಕು ಸರಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಿಕೊಳ್ಳದೆ ಇರಲಾರೆ. ಇಷ್ಟೆಲ್ಲ ಮಾಡಿ 160 ಮೆಗಾಹರ್ಟ್ಸ್ ಆಸುಪಾಸಿನ ರೈಲ್ವೆ ಚಾನೆಲ್‌ಗಳನ್ನು ಕೇಳಿದರೆ ತಿಳಿಯುವುದು ಗಾಡಿ ಈಗ ಎಲ್ಲಿದೆ ಎಂಬುದೇ ಹೊರತು ನಾಳೆ ಎಲ್ಲಿಗೆ ಹೋಗುತ್ತದೆ ಎಂಬುದಲ್ಲ. ಕಚೇರಿಯಲ್ಲಿ ಕುಳಿತವನಿಗೆ ಅದರಿಂದ ಏನು ಪ್ರಯೋಜನ?

ದಾರಿ ತೋರಿಸಿದ್ದು ಮರದ ಹಲಗೆ ಸಾಗಿಸುವ ಒಂದು ವ್ಯಾಗನ್. ನಡುವೆ ಉದ್ದಕ್ಕೂ ಗೋಡೆಯಂಥ ಚೌಕಟ್ಟಿದ್ದು ಎರಡೂ ಬದಿಗೆ ಹಲಗೆಯ ಕಟ್ಟುಗಳನ್ನು ಪೇರಿಸುವ ಸೆಂಟರ್‌ಬೀಮ್ ವ್ಯಾಗನ್‌ಗಳನ್ನು ನೀವೂ ಚಿತ್ರಗಳಲ್ಲಿ ಕಂಡಿರುತ್ತೀರಿ. ಅವುಗಳಿಂದ ಸರಕು ಇಳಿಸುವಾಗ ಎರಡೂ ಬದಿಯನ್ನು ಸಮವಾಗಿ ಖಾಲಿ ಮಾಡುತ್ತ ಬರಬೇಕು, ಇಲ್ಲದಿದ್ದರೆ ವ್ಯಾಗನ್ ಒಂದು ಕಡೆಗೆ ಮಗುಚುವ ಅಪಾಯವಿದೆ. ಒಂದು ಸೋಮವಾರ ಬೇಲಿಯ ಆಚೆ ಅಂಥದ್ದೊಂದು ಅರ್ಧ ಇಳಿದು ನಿಂತಿತ್ತು. ಬುಧವಾರ ಪೂರ್ತಿ ಬೋಳಾಗಿ, ಕಟ್ಟುವ ಪಟ್ಟಿಗಳನ್ನೆಲ್ಲ ಸುತ್ತಿಟ್ಟುಕೊಂಡು ನಿಂತಿತ್ತು. ಗುರುವಾರ ಅದು ಅಲ್ಲಿರಲಿಲ್ಲ. ಆಗ ಹೊಳೆಯಿತು: ವೇಳಾಪಟ್ಟಿ ಇರುವುದು ರೈಲ್ವೆಯ ಬಳಿಯಲ್ಲ, ಗಿರಾಕಿಯ ಅಂಗಳದಲ್ಲಿ. ವ್ಯಾಗನ್ ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ಒಂದೆರಡು ದಿನ ಮಾತ್ರ ಉಚಿತ, ಆಮೇಲೆ ಡೆಮರೇಜ್, ಅಂದರೆ ತಡ ಮಾಡಿದ್ದಕ್ಕೆ ಕಟ್ಟುವ ಶುಲ್ಕ, ಏರುತ್ತದೆ. ಆದ್ದರಿಂದ ಖಾಲಿಯಾದ ವ್ಯಾಗನ್ ಅಲ್ಲಿ ಸುಮ್ಮನೆ ಕುಳಿತಿರುವುದನ್ನು ಅವನು ಸಹಿಸುವುದಿಲ್ಲ.

ಅಂದಿನಿಂದ ನಾನು ಎಂಜಿನ್ ಹುಡುಕುವುದನ್ನು ಬಿಟ್ಟು, ಸಾರ್ವಜನಿಕ ರಸ್ತೆ ಮತ್ತು ಸೇತುವೆಗಳಿಂದ ಕಾಣುವ ಐದು ಸೈಡಿಂಗುಗಳನ್ನು, ಅಂದರೆ ಗಿರಾಕಿಗಳ ಅಂಗಳಕ್ಕೆ ಹೋಗುವ ಕವಲು ಹಳಿಗಳನ್ನು, ಆರಿಸಿಕೊಂಡು, ವಾರಕ್ಕೆ ಎರಡು ಸಲ ಅರ್ಧ ಗಂಟೆಯಲ್ಲಿ ಸುತ್ತಿ ಬರತೊಡಗಿದೆ. ನೋಡಿದ್ದು ಇಷ್ಟೇ: ಬಾಕ್ಸ್ ವ್ಯಾಗನ್ನಿನ ಬಾಗಿಲು ತೆರೆದಿದೆಯೇ ಮುಚ್ಚಿದೆಯೇ, ಟ್ಯಾಂಕರಿಗೆ ಕೊಳವೆ ಸಿಕ್ಕಿಸಿದೆಯೇ ಬಿಚ್ಚಿದೆಯೇ, ಬೋಗಿಯ, ಅಂದರೆ ವ್ಯಾಗನ್ನಿನ ಕೆಳಗಿನ ಚಕ್ರಗಳ ಚೌಕಟ್ಟಿನ, ಸ್ಪ್ರಿಂಗ್ ಸುರುಳಿಗಳ ನಡುವೆ ಬೆಳಕು ಕಾಣುತ್ತದೆಯೇ, ಅಂದರೆ ವ್ಯಾಗನ್ ಖಾಲಿಯೇ, ಇಲ್ಲವೇ ಒತ್ತಿಕೊಂಡು ಕುಳಿತಿದೆಯೇ, ಅಂದರೆ ತುಂಬಿದೆಯೇ. ಇಲ್ಲಿನ ಬೋಗಿಗಳಲ್ಲಿ ಸ್ಪ್ರಿಂಗುಗಳು ಪಕ್ಕದ ಚೌಕಟ್ಟಿನ ಕಿಟಕಿಯಲ್ಲೇ ಕಾಣುವುದರಿಂದ ಎಂಟು ಮಡಿ ಬೈನಾಕ್ಯುಲರ್ ಸಾಕು. ಇದರ ಜೊತೆಗೆ ಸೈಡಿಂಗಿನ ಮುಖದಲ್ಲಿರುವ ಕಂಬಿ ಗೇಟು. ಬೆಳಿಗ್ಗೆ ಆ ಗೇಟಿನ ಬೀಗ ತೆಗೆದಿದ್ದರೆ ಗಿರಾಕಿಗೆ ಗಾಡಿ ಬರುವುದು ಗೊತ್ತಾಗಿದೆ ಎಂದರ್ಥ. ಇನ್ನೂ ಒಂದು ಸೂಚನೆಯಿದೆ, ಗೇಟಿಗಿಂತ ಒಂದು ದಿನ ಮುಂಚೆಯೇ ಕಾಣುವಂಥದ್ದು. ಅದನ್ನು ಕಂಡುಹಿಡಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ಪ್ರಯಾಣಿಕರ ಗಾಡಿಗಳು ಕಿಕ್ಕಿರಿದ ಲಾಂಗ್ ಐಲೆಂಡ್ ಮುಖ್ಯ ಮಾರ್ಗಗಳಲ್ಲಿ ಸರಕು ಗಾಡಿಗೆ ಜಾಗ ಸಿಗುವುದು ಹೆಚ್ಚಾಗಿ ರಾತ್ರಿಯಲ್ಲಿ. ಆದರೆ ಲಾಂಗ್ ಐಲೆಂಡ್ ಸಿಟಿಯಿಂದ ಜಮೈಕಾ ಕಡೆಗೆ ಹೋಗುವ ಲೋವರ್ ಮಾಂಟಾಕ್ ಮಾರ್ಗದಲ್ಲಿ 1998ರಲ್ಲಿ ಸಣ್ಣ ನಿಲ್ದಾಣಗಳು ಮುಚ್ಚಿ, 2012ರಲ್ಲಿ ಕೊನೆಯ ಪ್ರಯಾಣಿಕ ಗಾಡಿಗಳೂ ನಿಂತುಹೋದ ಮೇಲೆ ಅದು ಸರಕಿನ ಪಾಲಾಗಿದೆ. ಅದಕ್ಕೇ ಅಲ್ಲಿ ಹಗಲಿನಲ್ಲಿ ಕೆಲಸ ನೋಡಲು ಸಿಗುತ್ತದೆ.

ಮೊದಲ ಬಾರಿಗೆ ಊಹೆ ನಿಜವಾದ ದಿನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡು ಬಾಕ್ಸ್ ವ್ಯಾಗನ್‌ಗಳ ಬಾಗಿಲು ಮಂಗಳವಾರವೇ ಮುಚ್ಚಿದ್ದವು, ಸ್ಪ್ರಿಂಗುಗಳು ಬಿಚ್ಚಿಕೊಂಡಿದ್ದವು. ಬುಧವಾರ ಹನ್ನೆರಡೂಕಾಲಿಗೆ ನಾನು ರಸ್ತೆ ಬದಿಯಲ್ಲಿ ನಿಂತಾಗ ಗೇಟು ತೆರೆದಿತ್ತು. ಹನ್ನೆರಡೂ ನಲವತ್ತರ ಸುಮಾರಿಗೆ ಒಂದು ಎಂಪಿ15ಎಸಿ ಡೀಸೆಲ್ ಎಂಜಿನ್ ತುಂಬಿದ ಮೂರು ವ್ಯಾಗನ್ ಎಳೆದುಕೊಂಡು ಬಂದು, ಹಳಿ ಕವಲೊಡೆಯುವ ಪಾಯಿಂಟನ್ನು ದಾಟಿ ನಿಂತಿತು. ಶಂಟರ್ ಇಳಿದು ಪಾಯಿಂಟ್ ತಿರುಗಿಸಿ, ಗಾಡಿಯನ್ನು ಹಿಂದಕ್ಕೆ ಸೈಡಿಂಗಿನೊಳಗೆ ಕರೆದ. ಎಷ್ಟು ವ್ಯಾಗನ್ನುದ್ದ ದೂರ ಉಳಿದಿದೆ ಎಂದು ರೇಡಿಯೊದಲ್ಲಿ ಐದು, ಮೂರು, ಒಂದು, ಅರ್ಧ ಎಂದು ಎಣಿಸುವ ಅವನ ಧ್ವನಿ ನನ್ನ ಕಿವಿಯಲ್ಲಿತ್ತು, ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿಯಾದ ಕಪ್ಲರ್ ಬಡಿದ ಸದ್ದು ಅದರ ಹಿಂದೆಯೇ ಬಂತು. ಗಾಳಿಯ ಕೊಳವೆ ಜೋಡಿಸಲು ವ್ಯಾಗನ್‌ಗಳ ನಡುವೆ ಕಾಲಿಡುವ ಮುನ್ನ ಅವನು ರಕ್ಷಣೆ ಕೇಳಿದ, ಅಂದರೆ ಗಾಡಿ ಅಲುಗದಂತೆ ಮಾಡಲು ಹೇಳಿದ. ಚಾಲಕ ಬ್ರೇಕ್ ಹಾಕಿ, ಹಿಂದೆ ಮುಂದೆ ಓಡಿಸುವ ರಿವರ್ಸರ್ ಹಿಡಿಯನ್ನು ನಡುವಿಗೆ ತಂದು, ಚಕ್ರಗಳಿಗೆ ಶಕ್ತಿ ಹೋಗದಂತೆ ಜನರೇಟರ್ ಫೀಲ್ಡ್ ಆರಿಸಿ ಒಪ್ಪಿಗೆ ಹೇಳುವವರೆಗೂ ಅವನು ಅಲುಗಾಡಲಿಲ್ಲ. ನಂತರ ಐದೂ ವ್ಯಾಗನ್ ಹೊರಗೆ ಬಂದವು. ಖಾಲಿ ಎರಡನ್ನು ಮುಖ್ಯ ಹಳಿಯ ಮೇಲೆ ಹಿಂದಕ್ಕೆ ತಳ್ಳಿ, ಕೈ ಬ್ರೇಕ್ ಬಿಗಿದು ಬಿಟ್ಟು, ಎಂಜಿನ್ ತುಂಬಿದ ಮೂರರೊಂದಿಗೆ ಮುಂದೆ ಹೋಗಿ, ಮತ್ತೆ ಸೈಡಿಂಗಿನೊಳಗೆ ನುಗ್ಗಿ, ಅವನ್ನು ಒಂದೊಂದು ಬಾಗಿಲಿಗೆ ಸರಿಯಾಗಿ ನಿಲ್ಲಿಸಿ, ಬರಿಗೈಯಲ್ಲಿ ಹೊರಬಂದು ಖಾಲಿಗಳನ್ನು ಎತ್ತಿಕೊಂಡಿತು. ಒಟ್ಟು ಮೂವತ್ತೇಳೋ ಮೂವತ್ತೆಂಟೋ ನಿಮಿಷ. ನಾನು ಊಟ ಮಾಡಲಿಲ್ಲ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಕಪ್ಲರುಗಳ ಸಡಿಲು ಸಾಲಾಗಿ ಬಿಗಿಯುವ ಸದ್ದನ್ನು ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿಕೊಂಡೇ ವ್ಯಾಗನ್ ಎಣಿಸಬಹುದೇ ಎಂದು ಪರೀಕ್ಷಿಸಿದೆ; ಮೇಲ್ಭಾಗ ತೆರೆದ ಗೊಂಡೊಲಾ ವ್ಯಾಗನ್‌ಗಳಲ್ಲಿ ಲೆಕ್ಕ ಸರಿಬಂತು, ಆದರೆ ಆಘಾತ ತಡೆಯುವ ಉದ್ದ ಚಲನೆಯ ಕಪ್ಲರ್ ಇರುವ ಬಾಕ್ಸ್ ವ್ಯಾಗನ್‌ಗಳು ಸದ್ದನ್ನೇ ನುಂಗಿಬಿಡುವುದರಿಂದ ಹತ್ತಕ್ಕೆ ಏಳು ಮಾತ್ರ ಕೇಳಿಸಿದವು. ಹಳಿಯ ತಲೆಯ ಮೇಲಿನ ಹೊಳಪನ್ನು ಸೇತುವೆಯಿಂದ ಒಂದೇ ಕೋನದಲ್ಲಿ ದಿನವೂ ಚಿತ್ರ ತೆಗೆದು, ತುಕ್ಕಿನಿಂದ ಗಾಡಿ ಓಡಿದ ದಿನ ಹೇಳಬಹುದೆಂದು ಎರಡು ತಿಂಗಳು ಶ್ರಮಪಟ್ಟೆ. ಮಳೆ ಬಂದ ಮರುದಿನ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಒಣ ವಾರದಲ್ಲಿ ಏನೂ ಹೇಳುವುದಿಲ್ಲ. ಆದರೂ ಬಿಡಲಿಲ್ಲ, ಮಳೆಗಾಲದ ಟಿಪ್ಪಣಿಗೆ ಅದೊಂದು ಕಾಲಂ ಇಟ್ಟಿದ್ದೇನೆ.

ಇನ್ನೊಂದು ಅಲೆದಾಟ ಬ್ರೂಕ್ಲಿನ್‌ನ 65ನೇ ಬೀದಿಯ ಯಾರ್ಡಿನ ಕಡೆಗೆ. ಬಂದರಿನ ಕೆಳಗೆ ಸರಕು ಸುರಂಗವಿಲ್ಲದ ಕಾರಣ, ನ್ಯೂಜೆರ್ಸಿಯ ವ್ಯಾಗನ್ ಹಳಿಯ ಮೇಲೆಯೇ ಇಲ್ಲಿಗೆ ಬರಬೇಕೆಂದರೆ ಸುಮಾರು 140 ಮೈಲಿ ಉತ್ತರಕ್ಕೆ ಸೆಲ್‌ಕಿರ್ಕ್‌ವರೆಗೆ ಹೋಗಿ ಹಡ್ಸನ್ ದಾಟಿ ಬ್ರಾಂಕ್ಸ್ ಮೂಲಕ ಇಳಿಯಬೇಕು. ಇಲ್ಲವೇ ಜೆರ್ಸಿ ಸಿಟಿಯ ಗ್ರೀನ್‌ವಿಲ್‌ನಲ್ಲಿ ಹಳಿ ಹಾಸಿದ ದೋಣಿಯನ್ನೇರಿ ನೀರಿನ ಮೇಲೆ ಬರಬೇಕು. ದೋಣಿಯಿಂದ ವ್ಯಾಗನ್ ಎಳೆಯುವಾಗ ಭಾರದ ಎಂಜಿನ್ ತೇಲುವ ಭಾಗಕ್ಕೆ ಕಾಲಿಡುವುದಿಲ್ಲ, ನಡುವೆ ಖಾಲಿ ಫ್ಲಾಟ್ ವ್ಯಾಗನ್‌ಗಳನ್ನು ಕೈಯಂತೆ ಚಾಚುತ್ತದೆ, ದೋಣಿ ವಾಲದಂತೆ ಒಂದೊಂದು ಹಳಿಯ ಮೇಲಿರುವ ಭಾರವನ್ನು ತೂಗಿ ನೋಡುತ್ತ ಇಳಿಸಬೇಕು. ದೂರದ ಬೇಲಿಯಿಂದ ಕಂಡದ್ದು ಅರೆಬರೆ, ಆದರೂ ಹೋದ ಮೂರು ಶನಿವಾರಗಳಿಗೆ ಬೇಸರವಿಲ್ಲ. ಈ ಎರಡು ದಾರಿಗಳಲ್ಲಿ ಯಾವುದರಿಂದ ಬಂದ ವ್ಯಾಗನ್ ಎಷ್ಟು ದಿನಕ್ಕೆ ನನ್ನ ಸೈಡಿಂಗಿಗೆ ಮುಟ್ಟುತ್ತದೆ ಎಂಬ ಒಂದು ಪಟ್ಟಿಯೂ ಇದರಿಂದ ಹುಟ್ಟಿತು. ಪಟ್ಟಿ ನನ್ನಲ್ಲೇ ಇರಲಿ.

ಲೆಕ್ಕ ಕೇಳುವವರಿಗೆ: ದಂಡ, ಸ್ಕ್ಯಾನರ್, ಬೈನಾಕ್ಯುಲರ್, ಪರೀಕ್ಷೆ, ಕೈಗವಸು ಎಲ್ಲ ಸೇರಿ 550 ಡಾಲರ್ ಆಸುಪಾಸು ಹೋಗಿದೆ, ಅದರಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು 90 ಡಾಲರಿನ ಬೈನಾಕ್ಯುಲರ್ ಮತ್ತು ಒಂದೂವರೆ ಡಾಲರಿನ ಟಿಪ್ಪಣಿ ಪುಸ್ತಕ. ಎರಡನೇ ವರ್ಷದಿಂದ ಊಹಿಸಿ ಹೋದದ್ದು ಸುಮಾರು ನಲವತ್ತು ಸಲ, ಸಿಕ್ಕಿದ್ದು ಇಪ್ಪತ್ತೆಂಟು. ಹೆಲ್ ಗೇಟ್ ಸಲಹೆ ಕೊಟ್ಟ ಗೆಳೆಯರೇ ಕಳೆದ ಮಾರ್ಚಿನಲ್ಲಿ ನನ್ನ ಜೊತೆ ಬಂದು ಒಂದೇ ಮಧ್ಯಾಹ್ನದಲ್ಲಿ ಎರಡು ಗಿರಾಕಿಗಳ ಕೆಲಸ ನೋಡಿದರು, ಮತ್ತು ಹೋಗುವಾಗ ಆ ಐದು ಸೈಡಿಂಗುಗಳು ಯಾವುವೆಂದು ಮೂರು ಸಲ ಕೇಳಿದರು. ಎರಡನ್ನು ಹೇಳಿದೆ.

ಈಗ ಬ್ರೂಕ್ಲಿನ್‌ನ ಬೇ ರಿಡ್ಜ್ ಶಾಖೆಯಲ್ಲಿ ಇದನ್ನೇ ಪ್ರಯತ್ನಿಸುತ್ತಿದ್ದೇನೆ. 2022ರ ಜನವರಿಯಲ್ಲಿ ಘೋಷಣೆಯಾದ ಇಂಟರ್‌ಬರೋ ಎಕ್ಸ್‌ಪ್ರೆಸ್ ಎಂಬ ಪ್ರಯಾಣಿಕ ಮಾರ್ಗ ಅದೇ ದಾರಿಯಲ್ಲಿ ಬರಲಿರುವುದರಿಂದ ನನಗೆ ಸ್ವಲ್ಪ ಅವಸರವಿದೆ. ಆದರೆ ಅಲ್ಲಿ ಹಳಿ ಬಹುದೂರ ತಗ್ಗಿನ ಕಾಲುವೆಯಂಥ ಜಾಗದಲ್ಲಿದೆ, ಸೇತುವೆಯ ಮೇಲಿನಿಂದ ವ್ಯಾಗನ್ನಿನ ಛಾವಣಿ ಕಾಣುತ್ತದೆಯೇ ಹೊರತು ಸ್ಪ್ರಿಂಗ್ ಕಾಣುವುದಿಲ್ಲ, ಗೇಟುಗಳೂ ಕಡಿಮೆ. ಇದುವರೆಗೆ ಹನ್ನೊಂದು ಭೇಟಿಯಲ್ಲಿ ಎರಡು ಸಿಕ್ಕಿವೆ, ಆ ಎರಡೂ ಆಕಸ್ಮಿಕ.