ರಾಯಚೂರಿನಲ್ಲಿ ಪ್ಲಾಟ್ ಕೊಳ್ಳುವುದು ಹೇಗೆ? ಕಾಗದ ಮೊದಲು, ಸಂಚಕಾರ (ಮುಂಗಡ ಹಣ) ಆಮೇಲೆ

ಭಾನುವಾರ ಬೆಳಿಗ್ಗೆ ರಾಯಚೂರಿನಿಂದ ಹೈದರಾಬಾದ್ ರಸ್ತೆಗೋ ಲಿಂಗಸುಗೂರು ರಸ್ತೆಗೋ ಒಂದು ಸುತ್ತು ಹೋಗಿ ಬನ್ನಿ. ಹೊಲದ ನಡುವೆ ಬಣ್ಣದ ಬಾವುಟ, ಒಂದು ಕಮಾನು, ಶಾಮಿಯಾನ. ಕುರ್ಚಿ ಮೇಲೆ ಕೂತ ತಕ್ಷಣ ಕೈಗೆ ತಣ್ಣನೆಯ ಮಜ್ಜಿಗೆ, ಜೊತೆಗೊಂದು ಮಿರಿಮಿರಿ ಬ್ರೋಷರ್. ಬ್ರೋಷರಿನಲ್ಲಿ ಈಜುಕೊಳ, ಸಾಲು ತೆಂಗು. ಎದುರಿಗೆ ನೋಡಿದರೆ ಹತ್ತಿಕಟ್ಟಿಗೆ ಇನ್ನೂ ಕಿತ್ತಿರದ ಎರೆಹೊಲ. 'ಹೈದರಾಬಾದ್ ಇಲ್ಲಿಂದ 200 ಕಿಲೋಮೀಟರ್ ಅಷ್ಟೇ ರೀ ಸರ್. ಅಲ್ಲಿ ರೇಟು ಮುಗಿಲಿಗೆ ಹೋಗ್ಯಾದ. ಮುಂದಿನ ಪಾಳಿ ನಮ್ಮೂರಿಂದೇ ನೋಡ್ರಿ' ಎನ್ನುತ್ತಾರೆ ದಲ್ಲಾಳಿ.

ಈ ಮಾತು ಪೂರ್ತಿ ಸುಳ್ಳಲ್ಲ. ಮುಂಬೈ–ಚೆನ್ನೈ ರೈಲು ಮಾರ್ಗ ಊರೊಳಗೇ ಇದೆ. ಶಕ್ತಿನಗರ, ಯರಮರಸ್‌ಗಳಲ್ಲಿ ವಿದ್ಯುತ್ ಸ್ಥಾವರಗಳಿವೆ. ಕೃಷಿ ವಿಶ್ವವಿದ್ಯಾಲಯ, ರಿಮ್ಸ್ ಆಸ್ಪತ್ರೆ ಇವೆ, 2019ರಿಂದ ಐಐಐಟಿ ಇದೆ. ಸೂರತ್–ಚೆನ್ನೈ ಹೆದ್ದಾರಿಯ ಯೋಜನೆ ಜಿಲ್ಲೆಯ ಮೂಲಕ ಹಾದುಹೋಗುತ್ತದೆ. ಆದರೆ ಏಮ್ಸ್ ಬೇಕೆಂದು ಇಲ್ಲಿ ಜನ ಧರಣಿ ಕೂತದ್ದು 2022ರಲ್ಲಿ. ಬ್ರೋಷರಿನವರು ಅದನ್ನು ಆಗಲೇ 'ಹತ್ತಿರದ ಆಸ್ಪತ್ರೆ' ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ! ಬರುವುದಕ್ಕೆ ಬರಲಿ. ಅದು ಬಂದಾಗಿನ ಬೆಲೆಯನ್ನು ಇವತ್ತೇ ಯಾಕೆ ಕೊಡಬೇಕು, ಅಲ್ವಾ?

ನನ್ನ ಅಳತೆಗೋಲು ಒಂದೇ. ನಾಳೆಯೇ ಅರ್ಜಿ ಹಾಕಿದರೂ ಮನೆ ಕಟ್ಟಲು ಪರವಾನಗಿ ಸಿಗಬೇಕು, ಅಂಥ ಪ್ಲಾಟ್ ಮಾತ್ರ ಕೊಳ್ಳಬೇಕು. ನೀವು ಕಟ್ಟುತ್ತೀರೋ, ಹತ್ತು ವರ್ಷ ಹಾಗೇ ಬಿಡುತ್ತೀರೋ ಬೇರೆ ಮಾತು. ಮುಂದೆ ನಿಮ್ಮಿಂದ ಕೊಳ್ಳುವವನು ಕಟ್ಟಲೆಂದೇ ಕೊಳ್ಳುತ್ತಾನೆ. ಅವನಿಗೆ ಬ್ಯಾಂಕ್ ಸಾಲ ಸಿಗದಿದ್ದರೆ ನಿಮ್ಮ ಪ್ಲಾಟಿಗೆ ಗಿರಾಕಿ ಇಲ್ಲ. ನಾನಿದನ್ನು ಕಲಿತದ್ದು ಕೈ ಸುಟ್ಟುಕೊಂಡು. ಮೊದಲ ಸಲ ಕೊಂಡದ್ದು ಹೊಲದೊಳಗಿನ ಮೂರು ಗುಂಟೆ. 'ಎನ್‌ಎ ಆಗ್ತದ, ಆರು ತಿಂಗಳು' ಅಂದರು, ಅಂದರೆ ಹೊಲ ವಸತಿ ಜಾಗವಾಗಿ ಪರಿವರ್ತನೆಯಾಗುತ್ತದೆ ಎಂದು. ಇವತ್ತಿಗೂ ಆ ಪಹಣಿಯಲ್ಲಿ ನನ್ನ ಹೆಸರು ಇನ್ನೂ ಹನ್ನೊಂದು ಜನರ ಜೊತೆ ಜಂಟಿಯಾಗಿ ಕೂತಿದೆ. ಮಾರಲೂ ಆಗದು, ಕಟ್ಟಲೂ ಆಗದು. ಹೋಗಲಿ, ಉಳಲೂ ಆಗದು.

ಹೆಜ್ಜೆ 1: ಮನೆಯಲ್ಲೇ ಕೂತು ಲೆಕ್ಕ ಹಾಕಿ

30x40 ಪ್ಲಾಟ್ ಅಂದರೆ 1,200 ಚದರಡಿ. ಹೈದರಾಬಾದ್ ಕಡೆಯ ದಲ್ಲಾಳಿಗಳು ಗಜದ ಲೆಕ್ಕ ಹೇಳುತ್ತಾರೆ. 1 ಚದರ ಗಜಕ್ಕೆ 9 ಚದರಡಿ. ಅಲ್ಲಿಗೆ 30x40 ಪ್ಲಾಟ್ ಸುಮಾರು 133 ಗಜವಾಯಿತು. ಇಬ್ಬರು ಎರಡು ಲೆಕ್ಕದಲ್ಲಿ ರೇಟು ಹೇಳಿದರೆ ಮೊದಲು ಎರಡನ್ನೂ ಚದರಡಿಗೆ ಇಳಿಸಿ ನೋಡಿ.

ಪ್ಲಾಟಿನ ಬೆಲೆ 20 ಲಕ್ಷ ಅಂದುಕೊಳ್ಳೋಣ. ಮುದ್ರಾಂಕ ಶುಲ್ಕ ಶೇ 5, ಅಂದರೆ 1 ಲಕ್ಷ. ಆ ಒಂದು ಲಕ್ಷದ ಮೇಲೆ ಶೇ 10 ಸೆಸ್, 10 ಸಾವಿರ. ಊರೊಳಗಾದರೆ ಶೇ 2 ಸರ್ಚಾರ್ಜ್, 2 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಅದು 40 ಸಾವಿರ. ಒಟ್ಟು 1 ಲಕ್ಷ 52 ಸಾವಿರ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಖರೀದಿ ಬೆಲೆಗಿಂತ ಜಾಸ್ತಿ ಇದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ. ವಕೀಲರು, ಬರಹಗಾರರು, ದಲ್ಲಾಳಿ ಕಮಿಷನ್, ಸುತ್ತ ತಂತಿ ಬೇಲಿ ಎಲ್ಲ ಸೇರಿ ಕೈಯಿಂದ ಹೋಗುವುದು 22 ಲಕ್ಷ ಅನ್ನಿ.

ಅದೇ 22 ಲಕ್ಷ ಶೇ 7ರ ಚಕ್ರಬಡ್ಡಿಯಲ್ಲಿ ಸುಮ್ನೆ ಠೇವಣಿಯಲ್ಲಿದ್ದರೂ ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಅಂದರೆ ಪ್ಲಾಟ್ ಆಗ 44 ಲಕ್ಷಕ್ಕೆ ಹೋದರೆ ಬ್ಯಾಂಕಿಗೆ ಸಮ ಅಷ್ಟೇ. 'ಡಬಲ್ ಆಯ್ತು' ಎಂದು ಯಾರಾದರೂ ಮೀಸೆ ತಿರುವಿದರೆ ಎಷ್ಟು ವರ್ಷಕ್ಕೆ ಎಂದು ಕೇಳಿ.

ಕಟ್ಟಿದ ಮನೆಯನ್ನೇ ಕೊಂಡು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಲೆಕ್ಕ ಬೇರೆ. 40 ಲಕ್ಷದ ಮನೆಗೆ ತಿಂಗಳಿಗೆ 10 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಶೇ 3. ಮನೆ ಸಾಲದ ಬಡ್ಡಿ ಅದರ ಎರಡು ಪಟ್ಟಿಗಿಂತ ಮೇಲೆಯೇ ಇರುತ್ತದೆ. ಬಾಡಿಗೆಯಲ್ಲೇ ಕಂತು ಕಟ್ಟುತ್ತೇನೆ ಎಂಬ ಆಸೆ ಬೇಡ.

ಹೆಜ್ಜೆ 2: ಹೊಲದ ಜಾತಕ ತೆಗೆಸಿ

ಇದೇ ಮುಖ್ಯ ಕೆಲಸ. ಅವಸರ ಬೇಡ. ದಲ್ಲಾಳಿಯಿಂದ ಸರ್ವೆ ನಂಬರ್, ಹಿಸ್ಸಾ ನಂಬರ್ ಪಡೆಯಿರಿ. 'ಮೊದಲು ಬುಕ್ ಮಾಡ್ರಿ, ಆಮೇಲೆ ಕೊಡ್ತೀವಿ' ಅಂದರೆ ಮಜ್ಜಿಗೆಗೆ ಧನ್ಯವಾದ ಹೇಳಿ ಎದ್ದುಬನ್ನಿ.

ನಂಬರ್ ಸಿಕ್ಕರೆ 'ಭೂಮಿ' ಜಾಲತಾಣದಲ್ಲಿ ಪಹಣಿ ಸಿಗುತ್ತದೆ. ಜೊತೆಗೆ ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಸರ್ವೆ ಇಲಾಖೆಯ ಆಕಾರಬಂದ್ (ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ತೆಗೆಸಿ. ಆಮೇಲೆ ಇಸಿ, ಅಂದರೆ ಜಮೀನಿನ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ. ಋಣಭಾರ ಪತ್ರ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಇಸಿ ಅಂದರೆ ಸಾಕು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಕನಿಷ್ಠ 30 ವರ್ಷದ್ದು ತೆಗೆಸಿ.

ನಮ್ಮ ಭಾಗದ ಹಳೆಯ ಕಾಗದಗಳಿಗೆ ಅವುಗಳದೇ ಚರಿತ್ರೆ ಇದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕೊಪ್ಪಳವಂತೂ ಸಾಲಾರ್‌ಜಂಗ್ ಮನೆತನದ ಜಾಗೀರು. ಮೂಲ ದಾಖಲೆ ಉರ್ದುವಿನಲ್ಲಿರುವುದು ಇಲ್ಲಿ ಮಾಮೂಲು. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಬಂದದ್ದು 1953ರಲ್ಲಿ, ಅಲ್ಲಿನ ಹಳೆಯ ಕಾಗದದ ದಾರಿಯೇ ಬೇರೆ. ಹಾಗಾಗಿ ಬೆಂಗಳೂರಿನ ವಕೀಲರಿಗಿಂತ ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ದಾವೆ ನಡೆಸಿ ಕೂದಲು ಹಣ್ಣಾದ ವಕೀಲರೇ ವಾಸಿ. ಇನಾಂ, ವಕ್ಫ್, ದೇವಸ್ಥಾನದ ಜಮೀನು ಎಂಬ ಸುಳಿವು ಸಿಕ್ಕರೆ ಅವರು ಹಳೆಯ ಕಾಗದ ನೋಡಿಯೇ ಹೇಳುತ್ತಾರೆ.

ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಹೌದೋ ಅಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ಕೇಳಿ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅಂಥ ಜಮೀನು ಮಾರುವಂತಿಲ್ಲ. 2023ರ ತಿದ್ದುಪಡಿ ಬಂದ ಮೇಲೆ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಕೈಯಿಂದ ಕೈಗೆ ನಾಲ್ಕು ಸಲ ಮಾರಾಟವಾಗಿದ್ದರೂ ಮೊದಲ ಮಾರಾಟ ತಪ್ಪಾಗಿದ್ದರೆ ಕೊನೆಯವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹೆಜ್ಜೆ 3: ಮಾರುವವರ ಮನೆಮಂದಿಯನ್ನು ಎಣಿಸಿ

ಹೊಲ ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ ಕೇಳಿ. ಅದರಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇದ್ದರೆ ಊರಿನಲ್ಲಿ ಹಿರಿಯರೊಬ್ಬರನ್ನು ಮಾತಾಡಿಸಿ. 'ಗೌಡರಿಗೆ ಹೆಣ್ಮಕ್ಕಳು ಎಷ್ಟು ಮಂದಿ ರೀ ಅಜ್ಜಾರ?' ಎಂದರೆ ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದೂ ಸೇರಿ ಉತ್ತರ ಬರುತ್ತದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆಗ ತಂದೆ ಬದುಕಿರಬೇಕಿತ್ತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಆದ್ದರಿಂದ ಅಕ್ಕತಂಗಿಯರೆಲ್ಲರ ಸಹಿ ಬೇಕು. 'ಅವರದೇನೂ ತಕರಾರಿಲ್ಲ ಬಿಡ್ರಿ' ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ತಕರಾರಿಲ್ಲದಿದ್ದರೆ ಬಂದು ಸಹಿ ಮಾಡಲು ಏನಡ್ಡಿ?

ಜಿಪಿಎ (ಮಾಲೀಕರು ಬರೆದುಕೊಟ್ಟ ಅಧಿಕಾರ ಪತ್ರ) ಮೇಲೆ ಮಾರುತ್ತೇವೆ ಎನ್ನುವವರೂ ಸಿಗುತ್ತಾರೆ. ಬರೀ ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟ ಖರೀದಿಯ ಬಗ್ಗೆ ಹೇಳುವುದೇ ಬೇಡ.

ಹೆಜ್ಜೆ 4: 'ಎನ್‌ಎ' ಅಂದಾಕ್ಷಣ ಮುಗಿಯಲಿಲ್ಲ

ಎನ್‌ಎ ಅಂದರೆ ಜಿಲ್ಲಾಧಿಕಾರಿಯವರ ಭೂಪರಿವರ್ತನೆ ಆದೇಶ. ಅದರ ಪ್ರತಿ ಕೇಳಿ ಓದಿ. ಪರಿವರ್ತನೆ ವಸತಿಗೋ ಕೈಗಾರಿಕೆಗೋ? ಪೂರ್ತಿ ಸರ್ವೆ ನಂಬರಿಗೋ, ಎರಡು ಎಕರೆಗೆ ಮಾತ್ರವೋ? ಮುಂದಿನ ಎರಡು ಎಕರೆ ಇನ್ನೂ ಹೊಲವೇ ಆಗಿದ್ದು, ಅದರಲ್ಲೂ ಕಲ್ಲು ನೆಟ್ಟು ಮಾರುವುದುಂಟು.

ಎನ್‌ಎ ಆದ ಮೇಲೆ ಲೇಔಟ್ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಬೇಕು. ಬಳ್ಳಾರಿಯಲ್ಲಾದರೆ ಬುಡಾ. ರಸ್ತೆ, ಚರಂಡಿ, ಕರೆಂಟ್ ಕೆಲಸ ಆದಂತೆ ಪ್ರಾಧಿಕಾರ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ಪ್ಲಾಟ್ ನಂಬರ್ ಆ ಬಿಡುಗಡೆ ಪಟ್ಟಿಯಲ್ಲಿದೆಯೇ ನೋಡಿ. ಪ್ರಾಧಿಕಾರದ ಕಚೇರಿಯಲ್ಲಿರುವ ನಕ್ಷೆಯನ್ನು ಬ್ರೋಷರಿನ ನಕ್ಷೆಯ ಪಕ್ಕ ಇಟ್ಟು ನೋಡುವುದು ಹತ್ತು ನಿಮಿಷದ ಕೆಲಸ. ಬ್ರೋಷರಿನ 'ಕಾರ್ನರ್ ಪ್ಲಾಟ್' ಕಚೇರಿಯ ನಕ್ಷೆಯಲ್ಲಿ ಪಾರ್ಕ್ ಆಗಿರಬಹುದು.

500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ನಂಬರ್ ಹಾಕಿ. ಅಲ್ಲಿ ತೋರಿಸುವ ಸರ್ವೆ ನಂಬರ್ ನಿಮ್ಮದೇ ಹೌದೇ ಎಂದು ಹೋಲಿಸಿ. ಪಕ್ಕದ ಲೇಔಟಿನ ನಂಬರನ್ನು ಬೋರ್ಡಿನಲ್ಲಿ ಬರೆಸಿದರೆ ದೂರದಿಂದ ಯಾರಿಗೆ ಗೊತ್ತಾಗುತ್ತದೆ?

ಕೊನೆಗೆ ಇ-ಖಾತೆ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಸ್ಥಳೀಯ ಸಂಸ್ಥೆಯ ಆನ್‌ಲೈನ್ ದಾಖಲೆ. ಈಗ ಅದಿಲ್ಲದೆ ಪ್ಲಾಟ್ ನೋಂದಣಿ ಆಗುವುದಿಲ್ಲ. ಊರೊಳಗೆ ಇ-ಆಸ್ತಿ ತಂತ್ರಾಂಶದ ಖಾತೆ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ಖಾತೆ. ಬಿ-ಖಾತೆ ತೋರಿಸಿ 'ಖಾತೆ ಐತಲ್ಲ' ಎನ್ನುವವರಿದ್ದಾರೆ. ಅದು ತೆರಿಗೆ ಕಟ್ಟಲು ಕೊಟ್ಟ ಖಾತೆ. ಅದರಿಂದ ಲೇಔಟ್ ಸಕ್ರಮವಾಗುವುದಿಲ್ಲ. ಹೂಡಿಕೆಗೆಂದು ಕೊಳ್ಳುವವರು ಬಿ-ಖಾತೆಯ ತಂಟೆಗೆ ಹೋಗದಿರುವುದೇ ಒಳ್ಳೆಯದು. ಎಷ್ಟೇ ಅಗ್ಗವಾಗಲಿ.

ಇಷ್ಟೆಲ್ಲ ಆದ ಮೇಲೂ ಅನುಮಾನ ಹೋಗದಿದ್ದರೆ ಒಂದು ಉಪಾಯವಿದೆ. ಕೈಯಲ್ಲಿ ಪೂರ್ತಿ ದುಡ್ಡಿದ್ದರೂ ಸರಿ, ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಸ್ವಲ್ಪ ಸಾಲ ಕೇಳಿ. ಅವರ ಪ್ಯಾನೆಲ್ ವಕೀಲರು ಕಾಗದ ಜಾಲಾಡುತ್ತಾರೆ. ಅವರು ಬೇಡ ಅಂದ ಪ್ಲಾಟ್ ನಿಮಗೂ ಬೇಡ.

ಹೆಜ್ಜೆ 5: ಎರಡು ಸಲ ಹೋಗಿ, ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ

ನಮ್ಮದು ಎರೆ ನಾಡು. ಏಪ್ರಿಲ್‌ನಲ್ಲಿ ನೆಲ ಬಿರುಕು ಬಿಟ್ಟು ಅಂಗೈ ಇಳಿಯುವಷ್ಟಾಗುತ್ತದೆ. ಮಳೆ ಬಿದ್ದರೆ ಅದೇ ನೆಲ ಉಬ್ಬುತ್ತದೆ. ಹೀಗೆ ಉಬ್ಬಿ ಕುಗ್ಗುವ ಮಣ್ಣಿನ ಮೇಲೆ ಮಾಮೂಲಿ ಬುನಾದಿ ಹಾಕಿದರೆ ಎರಡೇ ವರ್ಷಕ್ಕೆ ಗೋಡೆಯಲ್ಲಿ ಸೀಳು ಕಾಣುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಲಂ ಎಬ್ಬಿಸಬೇಕು, ಇಲ್ಲವೇ ಪೈಲ್ ಹಾಕಬೇಕು, ಎರೆ ತೆಗೆದು ಮರಂ ತುಂಬಬೇಕು. ಆ ಖರ್ಚು ಪ್ಲಾಟಿನ ಬೆಲೆಯ ಜೊತೆಗೇ ಬರುವಂಥದ್ದು. ಎರೆ ಎಷ್ಟು ಅಡಿ ಆಳವಿದೆ ಎಂದು ತಿಳಿಯಲು ಅಲ್ಲೇ ಮನೆ ಕಟ್ಟಿಸುತ್ತಿರುವ ಮೇಸ್ತ್ರಿಯನ್ನು ಕೇಳಿ. ಅಲ್ಲಿ ಯಾರೂ ಕಟ್ಟಿಸುತ್ತಿಲ್ಲ ಅಂದರೆ ಅದೂ ಒಂದು ಮಾಹಿತಿಯೇ.

ಮಳೆಗಾಲದಲ್ಲಿ ಹೋದರೆ ಹಳ್ಳ ಎಲ್ಲಿ ಹರಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಕಾಣುತ್ತದೆ. ಟಿಪ್ಪಣಿಯಲ್ಲಿ ಹಳ್ಳ ಇದ್ದು ಲೇಔಟಿನಲ್ಲಿ ಇಲ್ಲದಿದ್ದರೆ ಆ ಹಳ್ಳ ಎಲ್ಲಿಗೆ ಹೋಯಿತು ಎಂದು ಕೇಳಲೇಬೇಕು.

ನೀರಿನ ವಿಷಯ ಇನ್ನೂ ತಮಾಷೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವೆ ಟ್ಯಾಂಕರ್! ಲೇಔಟಿಗೆ ನಲ್ಲಿ ನೀರು ಬಂದಿದೆಯೇ, ಬಂದಿದ್ದರೆ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅಲ್ಲಿ ವಾಸ ಇರುವ ಹೆಣ್ಣುಮಕ್ಕಳನ್ನು ಕೇಳಿ, ದಲ್ಲಾಳಿಯನ್ನಲ್ಲ. ಬೋರ್ ಮಾತ್ರ ಅಂದರೆ ಒಂದು ಬಾಟಲಿ ನೀರು ತಂದು ಪರೀಕ್ಷೆ ಮಾಡಿಸಿ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5.

ಹೆಜ್ಜೆ 6: ಸಂಚಕಾರ ಮತ್ತು ನೋಂದಣಿ

ಈಗ ದುಡ್ಡು ತೆಗೆಯಬಹುದು. ರೇರಾ ಲೇಔಟ್ ಆದರೆ ಅಗ್ರಿಮೆಂಟ್ ನೋಂದಣಿಗೆ ಮೊದಲು ಬೆಲೆಯ ಶೇ 10ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಖಾಸಗಿಯವರ ಹತ್ತಿರ ಕೊಳ್ಳುವಾಗಲೂ ಇದೇ ಮಿತಿ ಇಟ್ಟುಕೊಳ್ಳಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ದಂಡ ಬೀಳಬಹುದು. 'ಅರ್ಧ ವೈಟ್, ಅರ್ಧ ಬ್ಲ್ಯಾಕ್' ಎಂಬ ಮಾತು ಬಂದೇ ಬರುತ್ತದೆ. ಒಪ್ಪಿದರೆ ನಾಳೆ ನೀವು ಮಾರುವಾಗ ಕಾಗದದ ಮೇಲೆ ನಿಮ್ಮ ಲಾಭ ಉಬ್ಬಿ ಕಾಣುತ್ತದೆ, ತೆರಿಗೆ ನಿಮ್ಮ ತಲೆಗೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರೇ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು.

ನೋಂದಣಿ ಈಗ ಕಾವೇರಿ 2.0ರಲ್ಲಿ. ಖರೀದಿ ಪತ್ರದ ಕರಡು ಏರಿಸಿ, ಅವರು ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗುವುದು. ಕರಡಿನಲ್ಲಿ ಚಕ್ಕುಬಂದಿಯನ್ನು ನೀವೇ ಓದಿ. ಪೂರ್ವಕ್ಕೆ ರಸ್ತೆ ಎಂದಿರಬೇಕಾದಲ್ಲಿ ಪ್ಲಾಟ್ ನಂಬರ್ ಬಿದ್ದರೆ ತಿದ್ದುಪಡಿ ಪತ್ರಕ್ಕೆ ಮತ್ತೆ ಎಲ್ಲರನ್ನೂ ಕರೆತರಬೇಕು. ಹೆಣ್ಣುಮಕ್ಕಳನ್ನು ನಾಲ್ಕು ಊರಿನಿಂದ ಇನ್ನೊಮ್ಮೆ ಕರೆಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು.

ಹೆಜ್ಜೆ 7: ಕೊಂಡ ಮೇಲೆ

ಖಾತೆ ನಿಮ್ಮ ಹೆಸರಿಗೆ ಆಯಿತೇ ಎಂದು ನೋಡಿಕೊಳ್ಳಿ. ಊರೊಳಗಿನ ಪ್ಲಾಟಿನ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಮಾರುವ ಯೋಚನೆ ಬಂದರೆ 24 ತಿಂಗಳು ದಾಟಲಿ, ಆಮೇಲೆ ಲಾಭದ ಮೇಲೆ ಶೇ 12.5 ತೆರಿಗೆ. ಅದಕ್ಕೂ ಮೊದಲು ಮಾರಿದರೆ ಲಾಭವೆಲ್ಲ ನಿಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ.

ಇನ್ನೊಂದು ಕೆಲಸಕ್ಕೆ ಯಾವ ಕಚೇರಿಗೂ ಹೋಗಬೇಕಿಲ್ಲ, ಕೊಡಲಿ ಸಾಕು. ಖಾಲಿ ಪ್ಲಾಟನ್ನು ಎರಡು ಮಳೆಗಾಲ ಹಾಗೇ ಬಿಟ್ಟರೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದು ಗಡಿಕಲ್ಲು ನುಂಗಿಬಿಡುತ್ತದೆ. ಆಮೇಲೆ ಪಕ್ಕದವರ ಬೇಲಿ ಎರಡಡಿ ಈಚೆ ಬಂದರೂ ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ, ಆಳು ಕರೆದುಕೊಂಡು ಹೋಗಿ ಜಾಲಿ ಕಡಿಸಿ. ನಾಲ್ಕು ಕಲ್ಲಿಗೂ ಸುಣ್ಣ ಬಳಿಸಿ, ಟೇಪು ಹಿಡಿದು ಅಳೆದು, ಫೋಟೊ ತೆಗೆದುಕೊಂಡು ಬನ್ನಿ.