ಬೋಯಿಂಗ್ ಪಕ್ಕದಲ್ಲಿ ಸೆಸ್ನಾ: ನಾನು ಇಳಿಸುವ ರೀತಿ

ನಾನು ಹಾರಿಸುವುದು ಸೆಸ್ನಾ 172, ಒಂದೇ ಎಂಜಿನ್‌ನ ನಾಲ್ಕು ಸೀಟಿನ ಚಿಕ್ಕ ವಿಮಾನ. ಕ್ಯಾಲಿಫೋರ್ನಿಯಾದ ಜಾನ್ ವೇನ್ ಏರ್‌ಪೋರ್ಟ್‌ನಿಂದ. ಕಲಿತದ್ದೂ ಅಲ್ಲೇ. ವಾರವೆಲ್ಲ ಆಫೀಸು, ಶನಿವಾರ ಬೆಳಿಗ್ಗೆ ಬಾಡಿಗೆ ವಿಮಾನ. ಈ ಏರ್‌ಪೋರ್ಟ್ ಹೇಗಿದೆ ಅಂತ ಮೊದಲು ಹೇಳಬೇಕು. ಎರಡು ರನ್‌ವೇ ಅಕ್ಕಪಕ್ಕ ಇವೆ. ದೊಡ್ಡದು 20 ರೈಟ್, ಸುಮಾರು 5,700 ಅಡಿ ಉದ್ದ, 737 ಮತ್ತು ಎ320ಗಳಿಗೆ. ಚಿಕ್ಕದು 20 ಲೆಫ್ಟ್, 2,900 ಅಡಿಗೂ ಸ್ವಲ್ಪ ಕಡಿಮೆ, ನಮ್ಮಂಥವರಿಗೆ. ಒಂದರ ನಡುಗೆರೆಯಿಂದ ಇನ್ನೊಂದರ ನಡುಗೆರೆಗೆ ಬರೀ 500 ಅಡಿ. ನಾವು ಇಳಿಯಲು ಬರುತ್ತಿರುವಾಗ ಬಲಗಡೆ ಕಿಟಕಿಯಲ್ಲಿ ಒಂದು 737 ಕೂಡ ಇಳಿಯುತ್ತಿರುತ್ತದೆ, ಅದರ ಬಾಲದ ಮೇಲಿನ ಚಿತ್ರ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ.

ಆಗ ಓಡಾಟ ನಿಯಂತ್ರಿಸುವ ಟವರ್‌ನವರು ರೇಡಿಯೋದಲ್ಲಿ ಒಂದು ಮಾತು ಹೇಳುತ್ತಾರೆ: ಕಾಷನ್ ವೇಕ್ ಟರ್ಬ್ಯುಲೆನ್ಸ್. ಅಂದರೆ ದೊಡ್ಡ ವಿಮಾನ ಬಿಟ್ಟುಹೋದ ಗಾಳಿಯ ಸುಳಿ ಇದೆ, ಎಚ್ಚರ. ದಿನಕ್ಕೆ ಎಷ್ಟೋ ಸಲ ಹೇಳುವ ಮಾತು, ಕೇಳಿ ಕೇಳಿ ಕಿವಿಗೆ ರೂಢಿಯಾಗಿಬಿಡುತ್ತದೆ. ಆದರೆ ಆ ಮಾತು ಯಾರನ್ನೂ ಕಾಪಾಡುವುದಿಲ್ಲ. ನಾವು ಹೇಳಿಯಾಯಿತು, ಇನ್ನು ನೋಡಿಕೊಳ್ಳುವುದು ನಿನ್ನ ಕೆಲಸ ಅಂತ ಅಷ್ಟೇ. ಅದರಲ್ಲೂ ಮುಂದಿನ ವಿಮಾನ ನನಗೆ ಕಾಣಿಸುತ್ತಿದೆ ಅಂತ ನಾವೇ ರೇಡಿಯೋದಲ್ಲಿ ಹೇಳಿ, ಹಾಗಾದರೆ ಅದರ ಹಿಂದೆ ಬಾ ಅಂತ ಅವರು ಅಂದರು ಅಂದರೆ, ಅಲ್ಲಿಂದ ಮುಂದೆ ಎಷ್ಟು ದೂರ ಬಿಡಬೇಕು, ಎಷ್ಟು ಎತ್ತರದಲ್ಲಿರಬೇಕು ಅನ್ನುವುದೆಲ್ಲ ಪೈಲಟ್ ತಲೆಗೆ ಬಂತು. ನಾನು ಹಾರಿಸುವ ರೀತಿಯೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ.

ರಸ್ತೆಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಸ್ಕೂಟರ್ ಅಲ್ಲಾಡುತ್ತದಲ್ಲ, ವೇಕ್ ಅಂದರೆ ಅದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಲಾರಿ ಹೋದ ಎರಡು ಸೆಕೆಂಡಿಗೆ ಆ ಗಾಳಿ ಮುಗಿಯಿತು. ವಿಮಾನದ ರೆಕ್ಕೆ ಭಾರ ಹೊತ್ತಿರುವಷ್ಟು ಹೊತ್ತೂ ಎರಡು ತುದಿಯಿಂದಲೂ ಗಾಳಿಯ ಸುಳಿ ಹೊರಡುತ್ತಲೇ ಇರುತ್ತದೆ. ಮೇಲೇಳಲು ಮೂಗು ಎತ್ತಿದಾಗ ಶುರು, ಇಳಿದು ಮೂಗಿನ ಚಕ್ರ ನೆಲಕ್ಕೆ ತಾಗಿದಾಗ ಕೊನೆ. ಎರಡು ಸುಳಿಗಳೂ ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತವೆ. ನೆಲದ ಹತ್ತಿರ ಬಂದ ಮೇಲೆ ಒಂದು ಎಡಕ್ಕೆ ಒಂದು ಬಲಕ್ಕೆ, 2–3 ನಾಟ್ ವೇಗದಲ್ಲಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ನಿಧಾನವಾಗಿ ಸರಿಯುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಭಾರ ಜಾಸ್ತಿ, ವೇಗ ಕಡಿಮೆ, ಫ್ಲ್ಯಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ಒಳಗೆ, ಹೀಗಿದ್ದಾಗ ಸುಳಿ ಅತಿ ಜೋರು. ಗಾಳಿ ಬಿರುಸಾಗಿದ್ದರೆ ಬೇಗ ಚದುರಿ ಹೋಗುತ್ತವೆ. ಎಲೆ ಅಲ್ಲಾಡದ ಬೆಳಿಗ್ಗೆ, ಹೊಸ ಪೈಲಟ್‌ಗಳಿಗೆ ತುಂಬಾ ಇಷ್ಟವಾಗುವ ಅಂಥ ಬೆಳಿಗ್ಗೆಯೇ, ಅವು ಜಾಸ್ತಿ ಹೊತ್ತು ಉಳಿಯುತ್ತವೆ.

ಮೊದಲು ಇದು ಮೈಗೆ ಗೊತ್ತಾಗುವುದು ಸ್ಟೀಪ್ ಟರ್ನ್ ಕಲಿಯುವಾಗ. 45 ಡಿಗ್ರಿ ವಾಲಿಸಿ, ಎತ್ತರ ಬದಲಾಗದ ಹಾಗೆ ಪೂರ್ತಿ ಒಂದು ಸುತ್ತು ಬರಬೇಕು. ಸುತ್ತು ನೀಟಾಗಿ ಬಂದರೆ ಕೊನೆಗೆ ದಡಕ್ ಅಂತ ಒಂದು ಏಟು. ಅದು ನಮ್ಮದೇ ವಿಮಾನ ಬಿಟ್ಟುಹೋದ ಗಾಳಿ. ಎತ್ತರ ಸರಿಯಾಗಿ ಹಿಡಿದಿದ್ದೀಯ ಅಂತ ಇನ್‌ಸ್ಟ್ರಕ್ಟರ್ ಬೆನ್ನು ತಟ್ಟುತ್ತಾರೆ. ನನಗೆ ಆಗ ಬಂದ ಯೋಚನೆ ಬೇರೆ. ತುಂಬಿದ 172ರ ತೂಕ ಹೆಚ್ಚೆಂದರೆ 1,157 ಕಿಲೋ. ಅದರ ಗಾಳಿಯೇ ಸೀಟು ಕುಲುಕುವಷ್ಟಿದ್ದರೆ, ಇಳಿಯುವಾಗಲೂ 60 ಟನ್ ತೂಗುವ 737ರದ್ದು ಹೇಗಿರಬೇಕು, ಅಲ್ವಾ?

ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಏರ್‌ಪೋರ್ಟ್‌ನಲ್ಲೇ ಒಂದು ಕಥೆ ಇದೆ. 1993ರ ಡಿಸೆಂಬರ್ 15ರ ಸಂಜೆ. ವೆಸ್ಟ್‌ವಿಂಡ್ ಅನ್ನುವ ಎರಡು ಎಂಜಿನ್‌ನ ಚಿಕ್ಕ ಜೆಟ್, ಹತ್ತು ಟನ್ ಚಿಲ್ಲರೆ ತೂಕದ್ದು, ಬೋಯಿಂಗ್ 757 ಒಂದರ ಹಿಂದೆ ದೊಡ್ಡ ರನ್‌ವೇಗೆ ಬರುತ್ತಿತ್ತು. ಆಗ ಅದನ್ನು 19 ರೈಟ್ ಅನ್ನುತ್ತಿದ್ದರು. ಮುಂದಿನ ಬೋಯಿಂಗ್ ಕಡಿದಾಗಿ ಇಳಿಯುತ್ತಿತ್ತು, ಹಿಂದಿನದು ಮಾಮೂಲಿ ಇಳಿಜಾರಿನಲ್ಲಿತ್ತು. ಅಂದರೆ ಬೋಯಿಂಗ್ ಬಂದ ದಾರಿಗಿಂತ ಕೆಳಗೆ. ನಡುವೆ ಸುಮಾರು 2 ನಾಟಿಕಲ್ ಮೈಲಿ ಉಳಿದಿತ್ತು, ಅಷ್ಟೇ. ಸುಳಿ ಕೆಳಗಿಳಿದು ಬಂದದ್ದು ಸರಿಯಾಗಿ ಅದರ ದಾರಿಗೆ. ಚಿಕ್ಕ ಜೆಟ್ ಉರುಳಿ ನೆಲಕ್ಕೆ ಬಿತ್ತು, ಒಳಗಿದ್ದ ಐದೂ ಜನ ತೀರಿಕೊಂಡರು. ಪೈಲಟ್‌ಗಳಿಗೆ ಮುಂದೆ ಬೋಯಿಂಗ್ ಇರುವುದು ಗೊತ್ತಿತ್ತು, ಹತ್ತಿರವಾಗುತ್ತಿದೆ ಅನ್ನುವುದೂ ಗೊತ್ತಿತ್ತು. ತನಿಖೆ ಮಾಡಿದ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ, ಪೈಲಟ್‌ಗಳು ಸಾಕಷ್ಟು ದೂರ ಬಿಡಲಿಲ್ಲ ಅಥವಾ ಬೋಯಿಂಗ್‌ನ ದಾರಿಗಿಂತ ಮೇಲೆ ಉಳಿಯಲಿಲ್ಲ ಅಂದಿತು. ಜೊತೆಗೆ, ಅದನ್ನು ಅಂದಾಜು ಮಾಡಲು ಬೇಕಾದ ಮಾಹಿತಿ ಅವರಿಗೆ ಸಿಗುವ ವ್ಯವಸ್ಥೆಯೇ ಇರಲಿಲ್ಲ ಅನ್ನುವುದನ್ನೂ ಬರೆಯಿತು. ಈ ಎರಡನೇ ಮಾತು ನನಗೆ ಮುಖ್ಯ ಅನಿಸುತ್ತದೆ. ಸತ್ತ ಪೈಲಟ್‌ಗಳ ತಲೆಗೆ ಎಲ್ಲವನ್ನೂ ಕಟ್ಟಿ ಎದ್ದು ಹೋಗುವುದು ಸುಲಭ. ಅದಕ್ಕೆ ಸುಮಾರು ಒಂದು ವರ್ಷ ಮುಂಚೆ, 1992ರ ಡಿಸೆಂಬರ್ 18ರಂದು, ಮೊಂಟಾನಾದ ಬಿಲಿಂಗ್ಸ್‌ನಲ್ಲಿ ಇದೇ ರೀತಿ 757 ಹಿಂದೆ ಬಂದ ಸೈಟೇಷನ್ ಅನ್ನುವ ಚಿಕ್ಕ ಜೆಟ್ ಬಿದ್ದು ಎಂಟು ಜನ ಹೋಗಿದ್ದರು. ತೂಕದ ಲೆಕ್ಕದಲ್ಲಿ 757 ಹೆವಿ, ಅಂದರೆ ಅತಿ ಭಾರದ ವಿಮಾನಗಳ ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಅದರ ಹಿಂದೆ ಕಡಿಮೆ ದೂರ ಬಿಟ್ಟರೆ ಸಾಕಿತ್ತು. ಈ ಸಾವುಗಳಾದ ಮೇಲೆ ಆ ದೂರ ಹೆಚ್ಚಿಸಿದರು.

ಇನ್ನು ನಾನು ಮಾಡುವುದು. ಹೊರಡುವ ಮುಂಚೆ ಹವಾಮಾನದ ರೆಕಾರ್ಡಿಂಗ್ ಕೇಳುವಾಗ ನಾನು ಮೊದಲು ಕಾಯುವುದು ಗಾಳಿಯ ದಿಕ್ಕಿಗೆ. 20ರಲ್ಲಿ ಇಳಿಯುವವರಿಗೆ ಬಲಗಡೆ ಅಂದರೆ ಪಶ್ಚಿಮ. ಪಶ್ಚಿಮದಿಂದ 4–5 ನಾಟ್ ಗಾಳಿ ಇದ್ದರೆ, ದೊಡ್ಡ ರನ್‌ವೇ ಮೇಲೆ ಹುಟ್ಟಿದ ಸುಳಿಯನ್ನು ಅದು ತಳ್ಳಿಕೊಂಡು ಬರುವುದು ನಮ್ಮ ಚಿಕ್ಕ ರನ್‌ವೇಗೇ. ನೆಲದ ಹತ್ತಿರ ಸುಳಿಯ ಸ್ವಂತ ಓಟ, ಗಾಳಿಯ ತಳ್ಳುವಿಕೆ ಎರಡೂ ಸೇರಿದರೆ 500 ಅಡಿ ದಾಟಲು ಒಂದು ನಿಮಿಷವೂ ಬೇಡ. ಅಂಥ ದಿನ ಪಕ್ಕದ 737 ಮುಂದೆ ಹೋಗಿಬಿಟ್ಟಿದೆ ಅಂತ ನಿರಾಳವಾಗುವ ಹಾಗಿಲ್ಲ, ಅದು ಮುಂದೆ ಹೋಗಿರುವುದೇ ತೊಂದರೆ. ಅದಕ್ಕಿಂತ ಮೇಲೆ ಇರುತ್ತೇನೆ, ಅದರ ಚಕ್ರದ ಹೊಗೆ ಎಲ್ಲಿ ಎದ್ದಿತೋ ಅದಕ್ಕಿಂತ ಮುಂದಿನ ಜಾಗ ಆರಿಸಿಕೊಳ್ಳುತ್ತೇನೆ. ರನ್‌ವೇ ಚಿಕ್ಕದಾದ್ದರಿಂದ ಎಷ್ಟು ಮುಂದೆ ಹೋಗಬಹುದು ಅನ್ನುವುದಕ್ಕೂ ಮಿತಿ ಇದೆ, ಅದನ್ನು ನೆಲದ ಮೇಲೇ ಲೆಕ್ಕ ಹಾಕಿರುತ್ತೇನೆ. ಆ ಜಾಗ ದಾಟಿದರೆ ಇಳಿಸುವುದಿಲ್ಲ, ಗೋ ಅರೌಂಡ್, ಅಂದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು.

ಇಷ್ಟೆಲ್ಲ ಮಾಡಿದರೂ ಒಂದು ಸಲ ಸಿಕ್ಕಿತು. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ದಾರಿಯಲ್ಲಿ, ನೆಲದಿಂದ ಸುಮಾರು 400 ಅಡಿ, ವೇಗ 65 ನಾಟ್, ಎಲ್ಲವೂ ಇರಬೇಕಾದ ಹಾಗೇ ಇತ್ತು. ಸದ್ದಿಲ್ಲ, ಮುನ್ಸೂಚನೆ ಇಲ್ಲ, ಬಲ ರೆಕ್ಕೆ ಸರ್ರನೆ ಕೆಳಗಿಳಿಯಿತು. ಯೋಕ್, ಅಂದರೆ ವಿಮಾನದ ಸ್ಟಿಯರಿಂಗ್, ಪೂರ್ತಿ ಎಡಕ್ಕೆ ತಿರುಗಿಸಿದ್ದೆ, ಆದರೂ ರೆಕ್ಕೆ ಒಂದು ಕ್ಷಣ ಇಳಿಯುತ್ತಲೇ ಇತ್ತು. ಕೈ ಹೇಳಿದ್ದನ್ನು ವಿಮಾನ ಕೇಳದ ಆ ಕ್ಷಣ ಎಂಥದ್ದು ಅಂತ ಪುಸ್ತಕ ಓದಿದರೆ ತಿಳಿಯುವುದಿಲ್ಲ. ಯೋಕ್ ಹಿಂದಕ್ಕೆ ಎಳೆಯಲಿಲ್ಲ. ಎಳೆದರೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದೆ ಬಿಟ್ಟುಬಿಡುತ್ತದೆ. ಥ್ರಾಟಲ್ ಪೂರ್ತಿ ಒಳಗೆ ಒತ್ತಿ ಎಂಜಿನ್‌ನ ಪೂರ್ತಿ ಶಕ್ತಿ ಕೊಟ್ಟೆ, ಮೂಗು ಇದ್ದ ಹಾಗೇ ಹಿಡಿದೆ, ಸುಳಿಯಿಂದ ಹೊರಬಿದ್ದ ತಕ್ಷಣ ರೆಕ್ಕೆ ಸಮವಾಯಿತು, ಮೇಲೇರಿದೆ. ಆಮೇಲೆ ಟವರ್‌ಗೆ ಹೇಳಿದೆ. ಈ ಕ್ರಮ ಮುಖ್ಯ. ಮೊದಲು ವಿಮಾನ, ರೇಡಿಯೋ ಕೊನೆಗೆ.

ಟೇಕಾಫ್ ವಿಷಯ ಚಿಕ್ಕದು. ಜೆಟ್ ಮೂಗು ಎತ್ತಿದ ಜಾಗಕ್ಕಿಂತ ಮೊದಲೇ ನಾನು ನೆಲ ಬಿಟ್ಟಿರಬೇಕು. ಆದರೆ ಅದರಷ್ಟು ಕಡಿದಾಗಿ 172 ಏರುವುದಿಲ್ಲ, ಹಾಗಾಗಿ ಬೇಗ ಪಕ್ಕಕ್ಕೆ ತಿರುಗಲು ಅನುಮತಿ ಮೊದಲೇ ಕೇಳಿಟ್ಟಿರುತ್ತೇನೆ. ಅನುಮಾನ ಬಂದರೆ ಮೂರು ನಿಮಿಷ ಬೇಕು ಅಂತ ಕೇಳಿ ನಿಲ್ಲುತ್ತೇನೆ. ಹಿಂದೆ ಸಾಲು ಬೆಳೆದರೆ ಬೆಳೆಯಲಿ.

ಈ ಸಾಲು ಬೆಳೆಯುವುದು ಅನ್ನುವುದೇ ಇದರಲ್ಲಿ ದೊಡ್ಡ ವಿಷಯ ಅಂತ ನನಗೆ ಈಗೀಗ ಅನಿಸುತ್ತದೆ. ಸುಳಿಗೆ ಸಿಕ್ಕವರು, ಸ್ಟಾಲ್ ಆಗಿ ಬಿದ್ದವರು ಅಂತ ವರದಿಗಳಲ್ಲಿ ಬೇರೆ ಬೇರೆ ಕಡೆ ಬರೆದಿರುತ್ತಾರೆ. ಓದುತ್ತಾ ಹೋದರೆ ಎಷ್ಟೋ ಕಡೆ ಅವಸರ ಒಂದೇ. 2016ರ ಜೂನ್ 9ರಂದು ಹೂಸ್ಟನ್‌ನ ಹಾಬಿ ಏರ್‌ಪೋರ್ಟ್‌ಗೆ ಸಿರಸ್ ಎಸ್‌ಆರ್20 ಅನ್ನುವ ಒಂದು ಚಿಕ್ಕ ವಿಮಾನ ಬಂತು, ಒಳಗೆ ಮೂವರು. ಸುತ್ತ 737ಗಳ ಓಡಾಟ, ಆಗಾಗ ಜೋರಾಗುವ ಗಾಳಿ. ಹಿಂದಿನಿಂದ ಜೆಟ್ ಬರುತ್ತಿದೆ, ವೇಗ ಇಟ್ಟುಕೋ ಅಂದರು. ಇಳಿಯಲಾಗದೆ ಮತ್ತೆ ಮತ್ತೆ ಗೋ ಅರೌಂಡ್. ಪ್ರತಿ ಸಲವೂ ಹೊಸ ಸೂಚನೆ, ಹೊಸ ತಿರುವು, ನಡುವೆ ರನ್‌ವೇಯೂ ಬದಲಾಯಿತು. ಕೊನೆಯ ಗೋ ಅರೌಂಡ್‌ನಲ್ಲಿ ವೇಗ ಬರುವ ಮುಂಚೆಯೇ ಫ್ಲ್ಯಾಪ್ ಒಳಗೆ ಹೋಯಿತು, ವಿಮಾನ ಸ್ಟಾಲ್ ಆಗಿ ಬಿತ್ತು, ಮೂವರೂ ಉಳಿಯಲಿಲ್ಲ. ಆ ರೇಡಿಯೋ ರೆಕಾರ್ಡಿಂಗ್ ಕೇಳಿದಾಗ ನನಗೆ ಹೊಟ್ಟೆ ಸಂಕಟವಾಯಿತು. ಪೈಲಟ್ ದನಿ ಕೊನೆಯವರೆಗೂ ವಿನಯವಾಗಿಯೇ ಇದೆ. ಹೇಳಿದ್ದಕ್ಕೆಲ್ಲ ಸರಿ ಸರಿ ಅನ್ನುವ ವಿನಯ.

ಹಿರಿಯರು, ಅಧಿಕಾರದಲ್ಲಿರುವವರು ಹೇಳಿದರೆ ಎದುರಾಡಬಾರದು ಅಂತ ಬೆಳೆದವರು ನಾವು. ಕಾಕ್‌ಪಿಟ್‌ನಲ್ಲಿ ಅದನ್ನು ಬಿಡಲೇಬೇಕು. ರೇಡಿಯೋದಲ್ಲಿ ಅನೇಬಲ್, ಅಂದರೆ ನನ್ನಿಂದ ಆಗುವುದಿಲ್ಲ, ಅಂದರೆ ಸಾಕು, ಕಾರಣ ಆಮೇಲೆ ಹೇಳಬಹುದು. ನಾನು ಮನೆಯಲ್ಲಿ ಕೂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದೇನೆ, ಹೊತ್ತಿಗೆ ಸರಿಯಾಗಿ ಬಾಯಿಗೆ ಬರಲಿ ಅಂತ. ಅನೇಬಲ್ ಅಂದಾಗ ಟವರ್‌ನವರು ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಒಂದು ಸುತ್ತು ಹಾಕಿ ಬಾ ಅನ್ನುತ್ತಾರೆ, ಬಾಡಿಗೆ ಮೀಟರ್ ಸ್ವಲ್ಪ ಜಾಸ್ತಿ ಓಡುತ್ತದೆ.

ಊರಿಂದ ಬಂದ ನೆಂಟರು, ಸ್ನೇಹಿತರನ್ನು ಕೂರಿಸಿಕೊಂಡಾಗ ಬರುವುದು ಬೇರೆ ಥರದ ಒತ್ತಡ. ಲೋ, ನಮ್ಮ ಮನೆ ಮೇಲೆ ಸ್ವಲ್ಪ ಕೆಳಗೆ ಹೋಗೋ, ಹೆಂಡತಿ ವಿಡಿಯೋ ಮಾಡ್ತಾಳೆ. ಪ್ರೀತಿಯಿಂದಲೇ ಕೇಳುತ್ತಾರೆ. ಊರಿನ ಮೇಲೆ ಹಾರುವಾಗ ಸುತ್ತಲ 2,000 ಅಡಿ ಒಳಗಿನ ಅತಿ ಎತ್ತರದ ಕಟ್ಟಡಕ್ಕಿಂತ 1,000 ಅಡಿ ಮೇಲೆ ಇರಬೇಕು ಅಂತ ಕಾನೂನೇ ಇದೆ. ಕಾನೂನು ಆಚೆಗಿರಲಿ. ಕೆಳಗಿನ ಮನೆ ನೋಡುತ್ತಾ ನಿಧಾನವಾಗಿ ಸುತ್ತು ಹೊಡೆಯುವಾಗ ವಾಲುವಿಕೆ ತಿಳಿಯದ ಹಾಗೆ ಹೆಚ್ಚುತ್ತದೆ. ಫ್ಲ್ಯಾಪ್ ಇಲ್ಲದ 172 ನೇರ ಹಾರಾಟದಲ್ಲಿ 48 ನಾಟ್ ಹತ್ತಿರ ಸ್ಟಾಲ್ ಆಗುತ್ತದೆ. ಎತ್ತರ ಬಿಡದೆ 45 ಡಿಗ್ರಿ ವಾಲಿದರೆ ಅದು 57. 60 ಡಿಗ್ರಿಗೆ 68. ಅದೇ ವೇಗ ಇದೆಯಲ್ಲ ಅಂತ ಮೀಟರ್ ನೋಡಿ ಸಮಾಧಾನ ಪಟ್ಟುಕೊಂಡವರು ಅಲ್ಲೇ ಉರುಳುತ್ತಾರೆ. 3,000 ಅಡಿಯಲ್ಲಾದರೆ ಸರಿಮಾಡಿಕೊಳ್ಳಬಹುದು, 400 ಅಡಿಯಲ್ಲಿ ಜಾಗವೇ ಇಲ್ಲ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ರನ್‌ವೇ ಗೆರೆ ದಾಟಿಹೋದಾಗ ಜೋರಾಗಿ ವಾಲಿಸಿ ಎಳೆದು ಸಾಯುವುದೂ ಇದೇ ಲೆಕ್ಕ. ನಾನು 30 ಡಿಗ್ರಿ ಮೀರುವುದಿಲ್ಲ. ಗೆರೆ ದಾಟಿತೋ, ಬಿಟ್ಟು ಮತ್ತೆ ಬರುತ್ತೇನೆ. ಮನೆ ಮೇಲೆ ಕೆಳಗೆ ಹಾರುವುದಿಲ್ಲ ಅಂತ ಕಾರಿನಲ್ಲಿ ಬರುವಾಗಲೇ ಹೇಳಿಬಿಡುತ್ತೇನೆ. ಒಂದಿಬ್ಬರು ಮುಖ ಸಣ್ಣ ಮಾಡಿಕೊಂಡಿದ್ದೂ ಇದೆ.

ಅಕ್ಕನ ಮಗನೊಬ್ಬ ಮೈಸೂರಿನಲ್ಲಿ ಪೈಲಟ್ ಟ್ರೈನಿಂಗ್ ಮಾಡುತ್ತಿದ್ದಾನೆ. ಮಾಮ, ಇಲ್ಲಿ ನಿಮ್ಮ ಹಾಗೆ ದೊಡ್ಡ ಜೆಟ್‌ಗಳ ಸಾಲು ಇಲ್ಲ, ಸುಮ್ನೆ ಹೆದರಿಸಬೇಡಿ ಅಂದ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ನಲ್ಲಿ ಇರುವುದು ಒಂದೇ ರನ್‌ವೇ, ಅಲ್ಲಿಗೆ ಎಟಿಆರ್ ಅನ್ನುವ ಪ್ರೊಪೆಲ್ಲರ್ ಪ್ರಯಾಣಿಕ ವಿಮಾನ ಬರುತ್ತದೆ. ತುಂಬಿದ ಎಟಿಆರ್ 72ರ ತೂಕ 22–23 ಟನ್, ಅವನ ವಿಮಾನದ ಇಪ್ಪತ್ತರಷ್ಟು. ಅವನಿಗೆ 2017ರ ಜನವರಿ 7ರ ಘಟನೆ ಹೇಳಿದೆ. ಅರಬ್ಬೀ ಸಮುದ್ರದ ಮೇಲೆ ಎದುರಿನಿಂದ ಬಂದು ತನಗಿಂತ 1,000 ಅಡಿ ಮೇಲೆ ಹಾದುಹೋದ ಎ380 ಅನ್ನುವ ಭಾರೀ ವಿಮಾನದ ಸುಳಿಗೆ ಸಿಕ್ಕಿ ಒಂದು ಚಾಲೆಂಜರ್ ಜೆಟ್ ಮಗುಚಿ ಮಗುಚಿ ಸುಮಾರು 9,000 ಅಡಿ ಬಿತ್ತು. ಹೇಗೋ ಮಸ್ಕತ್‌ನಲ್ಲಿ ಇಳಿಸಿದರು, ಆ ವಿಮಾನ ರಿಪೇರಿಗೂ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಎಟಿಆರ್ ಇಳಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಮಾಮ, ಗಾಳಿ ಅಡ್ಡ ಇದ್ದರೆ ಯಾವ ಸುಳಿ ರನ್‌ವೇ ಮೇಲೇ ನಿಲ್ಲುತ್ತದೆ ಅಂತ ಕೇಳಿದ. ಗಾಳಿ ಬರುವ ಕಡೆಯದು, ಅದು ಹೊರಗೆ ಸರಿಯಲು ನೋಡುತ್ತದೆ, ಗಾಳಿ ಅದನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ ಅಂದೆ. ಎಷ್ಟು ಹೊತ್ತು ಅನ್ನುವುದನ್ನು ಇನ್‌ಸ್ಟ್ರಕ್ಟರ್ ಹತ್ತಿರ ಕೂತು ಮಾತಾಡು, ಅವರು ಹೇಳಿದ್ದಕ್ಕಿಂತ ಒಂದು ನಿಮಿಷ ಜಾಸ್ತಿ ಕೇಳು ಅಂದೆ.